ಗೋಲ್‌ಕೀಪರಳ ಬೂದುಗುಂಬಳ

ಕುಂಬಳಕಾಯಿ ಗೋಲಿ ಅಂದರೆ ಎದೆ ಮುಟ್ಟಿ ನೋಡಿಕೊಂಡಳಂತೆ.

ಗಾದೆಯಲ್ಲಿರುವವನು ಕಳ್ಳ, ಅವನು ಮುಟ್ಟಿಕೊಂಡದ್ದು ಹೆಗಲು ಎಂದು ತಿದ್ದಲು ಕೈಯೆತ್ತಿದವರು ದಯವಿಟ್ಟು ಕೈ ಇಳಿಸಬೇಕು. ಫುಟ್‌ಬಾಲಿನಲ್ಲಿ ಕೈ ಆಡಿಸುವ ಹಕ್ಕು ಗೋಲಿಗೆ, ಅಂದರೆ ಗೋಲ್‌ಕೀಪರಿಗೆ ಮಾತ್ರ. ಗಾದೆ ಸೊಟ್ಟಗಾದರೂ ಕಥೆ ನೆಟ್ಟಗಿದೆ, ಅಪ್ಪಟ ನಡೆದದ್ದು. ನಂಬದವರು ಚೆನ್ನೈನ ವೇಲಚೇರಿಯ ಮೈದಾನಕ್ಕೆ ಹೋಗಿ ನೋಡಲಿ, ಗೋಲುಕಂಬದ ಬುಡದಲ್ಲಿ ಈಗ ಒಂದು ಕುಂಬಳದ ಬಳ್ಳಿ ಹಬ್ಬಿದೆ.

ಗೋಲಿಯ ಹೆಸರು ಮೌನ. ಅಪ್ಪ ಬ್ಯಾಂಕಿನ ಕೌಂಟರಿನಲ್ಲಿ ದಿನವಿಡೀ ಗದ್ದಲ ಕೇಳಿ ಬೇಸತ್ತು, ಮನೆಯಲ್ಲಾದರೂ ಇರಲಿ ಎಂದು ಮಗಳಿಗೆ ಆ ಹೆಸರಿಟ್ಟಿದ್ದರು. ಇಟ್ಟದ್ದೊಂದೇ ಬಂತು, ಮನೆಯಲ್ಲಿ ಅದು ಇರಲಿಲ್ಲ. ವೆಸ್ಟ್ ಮಾಂಬಲಂನ ಆ ಓಣಿಯಲ್ಲಿ ಯಾರದೇ ಗಂಟಲು ಒಮ್ಮೆ ಕಿವಿಗೆ ಬಿದ್ದರೆ ಸಾಕು, ಸಂಜೆಯೊಳಗೆ ಅದು ಮೌನಳ ಬಾಯಲ್ಲಿ ಕಾಪಿ ಆಗುತ್ತಿತ್ತು. ಸ್ಟೇಷನ್ನಿನ ರೈಲು ಘೋಷಣೆಯನ್ನು ತಮಿಳಲ್ಲೂ ಇಂಗ್ಲಿಷಲ್ಲೂ ಹಿಂದಿಯಲ್ಲೂ ಅವಳು ಹೇಳಿದರೆ, ಅಡುಗೆಮನೆಯಲ್ಲಿದ್ದ ಅಪ್ಪ ಟಿಫಿನ್ ಡಬ್ಬಿ ಹುಡುಕುತ್ತಿದ್ದರು. ಪಕ್ಕದ ಫ್ಲಾಟಿನ ಕುಕ್ಕರಿನ ಸೀಟಿ ಹೊಡೆದು, ಆ ಮನೆಯವರು ಬೇಯದ ಬೇಳೆ ಇಳಿಸುವಂತೆ ಮಾಡಿದ್ದೂ ಉಂಟು. ಅಜ್ಜಿ ಹುಚ್ಚಮ್ಮ ಇವಳ ಬಾಯಿಗೆ ಬೀಗ ಹಾಕುವ ಗಂಡು ಎಲ್ಲಿದ್ದಾನೋ ಅನ್ನುತ್ತಿದ್ದರು. ಮೌನ ಅದನ್ನೂ ಅಜ್ಜಿಯ ದನಿಯಲ್ಲೇ, ಕೊನೆಯ ನಿಟ್ಟುಸಿರಿನ ಸಮೇತ ಒಪ್ಪಿಸುತ್ತಿದ್ದಳು.

ಆ ವರ್ಷ ಚೆನ್ನೈನ ಕನ್ನಡದ ಮನೆಗಳ ಹೆಣ್ಣುಮಕ್ಕಳಿಗಾಗಿ ಫುಟ್‌ಬಾಲ್ ಕಪ್ ಒಂದು ಶುರುವಾಯಿತು. ಬಡಾವಣೆಗೊಂದು ತಂಡ. ಮೊದಲ ವರ್ಷವಾದ್ದರಿಂದ ಯಾರಿಗೂ ಏನೂ ಗೊತ್ತಿರಲಿಲ್ಲ, ಎಲ್ಲರೂ ಎಲ್ಲವನ್ನೂ ಹೇಳಿಕೊಡುತ್ತಿದ್ದರು. ಕಪ್ಪಿನ ಕಾರ್ಯದರ್ಶಿ ವಿಷ್ಣುತೀರ್ಥ, ಧಾರವಾಡದ ಕಡೆಯವರು, ಇನ್ಶೂರೆನ್ಸ್ ಕಂಪನಿಯಿಂದ ನಿವೃತ್ತರಾದವರು. ಅಪಾಯ ಎಲ್ಲಿಂದ ಬರುತ್ತದೋ ಹೇಳಲಾಗದು ಎಂಬುದು ಅವರ ನೌಕರಿಯ ನಂಬಿಕೆ, ಬಾಳಿನದೂ ಅದೇ. ಮೊದಲ ಪಂದ್ಯದ ದಿನ ಹೊಸ ಚೆಂಡಿಗೆ ಅರಿಶಿನ ಕುಂಕುಮ ಹಚ್ಚಿ, ಹೊಸ ಕಾರಿಗೆ ಮಾಡುವಂತೆ ಅದನ್ನು ನಿಂಬೆಹಣ್ಣಿನ ಮೇಲೆ ಉರುಳಿಸಿದ್ದರು. ನಿಂಬೆಹಣ್ಣು ಒಡೆಯಲಿಲ್ಲ. ಕಡೆಗೆ ರೆಫರಿ ಬೂಟುಗಾಲಿನಿಂದ ತುಳಿದು ಉಪಕಾರ ಮಾಡಿದ.

ಮಾಂಬಲಂ ತಂಡಕ್ಕೆ ಕೋಚು ಮಧುಸೂದನ್. ಹಿಂದೆ ರೈಲ್ವೆ ತಂಡದ ಗೋಲಿಯಾಗಿದ್ದವರು, ಮೈಸೂರಿನವರು. ನಕ್ಕದ್ದನ್ನು ಕಂಡವರಿಲ್ಲ. ಸ್ಟೇಷನ್ ಮಾಸ್ತರರ ಮುಖ: ರೈಲು ಬಂದರೂ ಅದೇ, ತಡವಾದರೂ ಅದೇ. ತಂಡದಲ್ಲಿ ಅವರನ್ನು ಮಧು ಸರ್ ಎನ್ನುತ್ತಿದ್ದರು. ಮೌನ ಅವರ ಬೆನ್ನ ಹಿಂದೆ ಅನ್ನುವಾಗ ಅದು ಅವರದೇ ದನಿಯಲ್ಲಿರುತ್ತಿತ್ತು.

ಎಡವಟ್ಟಾದದ್ದು ಸೆಮಿಫೈನಲ್‌ನಲ್ಲಿ. ಎದುರಾಳಿ ಮಾಧವರಂ ತಂಡ. ಚೆಂಡು ಮೈದಾನದ ಆ ತುದಿಯಲ್ಲಿತ್ತು, ಮೌನಳಿಗೆ ಗೋಲಿನೊಳಗೆ ನಿಂತು ನಿಂತು ಕಾಲಲ್ಲಿ ಇರುವೆ ಹರಿದಂತಾಗುತ್ತಿತ್ತು. ಸುಮ್ಮನಿರಲಾರದೆ ಮಧು ಸರ್ ಗಂಟಲಲ್ಲಿ, ಎಲ್ಲರೂ ಮೇಲೆ ಹೋಗ್ರಮ್ಮಾ, ಎಂದು ಒಂದು ಕೂಗು ಹಾಕಿದಳು. ತಂಡದ ನಾಯಕಿ ನೀರಜಾ ಸೇರಿದಂತೆ ಹಿಂದಿನ ಕಾವಲಿನವರೆಲ್ಲ ಕೋಚ್ ಆಜ್ಞೆ ಎಂದು ಮೇಲಕ್ಕೆ ಓಡಿದರು. ಮಾಧವರಂನವರು ತೆರೆದ ಬಾಗಿಲಿನ ಮನೆಗೆ ನುಗ್ಗಿದಂತೆ ಬಂದರು. ಹೊಡೆತ ಮೌನಳ ಕೈಗೇ ಬಂದಿತ್ತು. ಅವಳು ಎಂದಿನಂತೆ ಅಂಗೈಯಲ್ಲಿ ಬಡಿದು ತಳ್ಳಿದಳು, ಅದು ಎದುರಾಳಿಯ ಕಾಲಿಗೇ ಬಿತ್ತು, ಮತ್ತೆ ಬಂದು ಬಲೆಗೆ ಹೋಯಿತು. ಪಂದ್ಯವನ್ನೇನೋ ಪೆನಾಲ್ಟಿಯಲ್ಲಿ ಗೆದ್ದರು. ಮಧು ಸರ್ ಮಾತ್ರ ಅವಳನ್ನು ಒಂದು ಬದಿಗೆ ಕರೆದರು.

"ನೋಡು ಮೌನ, ಬಂದಿದ್ದನ್ನ ಒಳಗಿಟ್ಕೊಳ್ಳೋಕೆ ನಿಂಗೆ ಬರಲ್ಲ. ಮಾತೂ ಅಷ್ಟೇ, ಚೆಂಡೂ ಅಷ್ಟೇ. ಬಂದ ತಕ್ಷಣ ಆಚೆ ತಳ್ಬಿಡ್ತೀಯ. ಇವತ್ತಿಂದ ಫೈನಲ್ ಮುಗಿಯೋವರ್ಗೂ ಇನ್ನೊಬ್ರ ಗಂಟಲು ನಿನ್ನ ಬಾಯಿಂದ ಬಂತೋ, ಗೋಲಲ್ಲಿ ನವ್ಯಾ ನಿಂತ್ಕೋತಾಳೆ."

ನವ್ಯಾ ತಂಡದ ಎರಡನೇ ಗೋಲಿ. ಹಿಡಿದದ್ದನ್ನು ಬಿಡುವವಳಲ್ಲ, ನಿಂತಲ್ಲಿಂದ ಕದಲುವವಳೂ ಅಲ್ಲ.

ಹೊರಟವರು ತಿರುಗಿ ನಿಂತರು. "ಇನ್ನೊಂದು. ನೀನು ಮಾಡೋ ಮಧು ಸರ್ ಸ್ವಲ್ಪ ಕೀಚಲು. ನನ್ನ ದನಿ ಹೊಟ್ಟೆಯಿಂದ ಬರುತ್ತೆ, ಮೂಗಿಂದ ಅಲ್ಲ."

ಬೈಗುಳದ ಈ ಬಾಲವನ್ನು ಮೌನ ಬೈಗುಳದ ಲೆಕ್ಕಕ್ಕೇ ಹಾಕಿಕೊಂಡಳು. ಅಲ್ಲೇ ತಪ್ಪಿದಳು.

ಆಮೇಲಿನ ದಿನಗಳು ಅವಳಿಗೆ ಮುಳ್ಳಿನ ಮೇಲಿನ ಸೆರಗು. ಮೊದಲ ಕಪ್ಪಿನ ಮೊದಲ ಫೈನಲ್, ಆ ಗೋಲಿನಲ್ಲಿ ನಿಲ್ಲುವ ಮೊದಲ ಹುಡುಗಿ ತಾನಾಗಬೇಕು. ಮುಂದಿನ ವರ್ಷ ನಿಂತರೂ ಅದು ಎರಡನೆಯದೇ. ಅದಕ್ಕೆ ಬಾಯಿ ಬಿಗಿದಳು. ಬಾಯಿ ಬಿಗಿದರೆ ಕೈ ಕುಣಿಯುತ್ತಿತ್ತು, ಕೈ ಕಟ್ಟಿದರೆ ಕಾಲು. ತರಕಾರಿಯವನು ಓಣಿಯಲ್ಲಿ ಎಳೆದೆಳೆದು ಕೂಗಿದಾಗ ಗಂಟಲೊಳಗೆ ಅವನ ಜೋಡಿ ಹುಟ್ಟಿಕೊಂಡು ಕೆಮ್ಮು ಬರಿಸುತ್ತಿತ್ತು. ಕಾಲೇಜಿನಲ್ಲಿ ಗೆಳತಿಯರು, ಪ್ರಿನ್ಸಿಪಾಲರನ್ನು ಒಂದೇ ಒಂದು ಸಲ ಮಾಡಿಬಿಡೇ ಎಂದು ಗೋಗರೆದರು. ಅವಳು ನೀರು ಕುಡಿದಳು. ದಿನವಿಡೀ ನೀರು ಕುಡಿದಳು. ಮನೆಯಲ್ಲಿ ಹುಚ್ಚಮ್ಮ ಈ ನಿಶ್ಶಬ್ದಕ್ಕೆ ಹೆದರಿ, ಹುಡುಗಿಗೆ ಯಾರದೋ ಕಣ್ಣು ತಾಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮೆಣಸಿನಕಾಯಿ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಿದರು. ಒಬ್ಬೊಬ್ಬರದೂ ಒಂದೊಂದು ನಮೂನೆಯ ಕೆಮ್ಮು. ಮೌನ ಅದನ್ನೂ ನುಂಗಿಕೊಂಡಳು.

ಫೈನಲ್‌ನ ಹಿಂದಿನ ಸಂಜೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಮೊದಲು ಉದ್ದಕ್ಕೆ ಗಂಟಲು ಸರಿಪಡಿಸಿಕೊಂಡ ಸದ್ದು, ಆಮೇಲೆ ಒಂದು ಹ್ಞಾಂ. ಹೆಸರು ಹೇಳುವ ಅಗತ್ಯವೇ ಇರಲಿಲ್ಲ. ಕಪ್ಪಿನ ಪ್ರತಿ ಪಂದ್ಯದ ಮುಂಚೆ ಮೈಕಿನಲ್ಲಿ ಕೇಳಿದ್ದ ಗಂಟಲು.

"ಹ್ಞಾಂ… ಮೌನ ಏನವಾ? ನಾ ವಿಷ್ಣುತೀರ್ಥ ಮಾತಾಡ್ಲಿಕತ್ತೀನಿ. ನಾಳೆ ಫೈನಲ್ ಅದ, ಮೊದಲನೇ ವರ್ಷ ಅದ. ಗೋಲಿಗೆ ದೃಷ್ಟಿ ಭಾಳ ಆಗತದ. ಬರೂವಾಗ ಒಂದು ಬೂದುಗುಂಬಳ ತಗೊಂಡ ಬಾ. ಸಣ್ಣದು ಬ್ಯಾಡ."

ಚೆನ್ನೈನಲ್ಲಿ ಹೊಸ ಸ್ಕೂಟರಿಗೆ, ಹೊಸ ಅಂಗಡಿಗೆ, ಹಳೆಯ ಅಂಗಡಿಯ ಹೊಸ ಬೋರ್ಡಿಗೆ, ಎಲ್ಲಕ್ಕೂ ಬೂದುಗುಂಬಳ ಒಡೆಯುತ್ತಾರೆ. ಗೋಲುಕಂಬಕ್ಕೆ ಒಡೆಯಬಾರದೆಂದು ಎಲ್ಲಿದೆ? ಚೆಂಡಿಗೇ ನಿಂಬೆಹಣ್ಣು ತುಳಿಸಿದ ಮನುಷ್ಯ ಇವರು. ಮೌನ ಹೂಂ ಸರ್ ಅಂದಳು. ಆ ಕಡೆಯವರು ಇನ್ನೂ ಮುಗಿಸಿರಲಿಲ್ಲ. ಕುಂಬಳವನ್ನು ಮನೆ ಬಿಟ್ಟ ಮೇಲೆ ನೆಲಕ್ಕಿಡಬಾರದು, ಚೀಲಕ್ಕೆ ಹಾಕಬಾರದು, ಇನ್ನೊಬ್ಬರ ಕೈಗೆ ಕೊಡಬಾರದು, ಎದೆಗೆ ಅವಚಿಕೊಂಡೇ ತರಬೇಕು. ಆಟೋದಲ್ಲಿ ಬರುವ ಹಾಗಿಲ್ಲ; ಊರ ಕಣ್ಣೆಲ್ಲ ಅದರ ಮೇಲೆ ಬಿದ್ದರೆ ತಾನೇ ದೃಷ್ಟಿ ಇಳಿಯುವುದು? ರೈಲಿನಲ್ಲಿ, ಬಸ್ಸಿನಲ್ಲಿ ಬರಬೇಕು. ಜಾರಿ ಬಿದ್ದು ಒಡೆದರೆ, ದೇವರೇ ಗತಿ.

ಬೇರೆ ದಿನಗಳಾಗಿದ್ದರೆ ಫೋನಿಟ್ಟ ಮರುಕ್ಷಣ ಆ ಹ್ಞಾಂ ಅವಳ ಬಾಯಲ್ಲಿ ಕುಣಿಯುತ್ತಿತ್ತು, ಕುಣಿಸುತ್ತಲೇ ಅನುಮಾನವೂ ಬರುತ್ತಿತ್ತೇನೋ. ಈಗ ಬಂದದ್ದು ಒಂದೇ ಭಯ, ಎಲ್ಲಿ ತಪ್ಪಿದರೆ ಗೋಲು ಬಿಟ್ಟು ಬೆಂಚಿನ ಮೇಲೆ ಕೂರಬೇಕೋ ಎಂದು. ಒಮ್ಮೆ ಖಾತ್ರಿ ಮಾಡಿಕೊಳ್ಳಲು ನೀರಜಾಗೆ ಫೋನ್ ಮಾಡಿದಳು. ನೀರಜಾ ಗಂಭೀರವಾಗಿ, ನಂಗೂ ಹೇಳಿದ್ದಾರೆ ಕಣೇ, ದೊಡ್ಡದೇ ತಾ, ಅಂದಳು. ಅಂದವಳಿಗೆ ಯಾಕೋ ಆಮೇಲೆ ಬಿಕ್ಕಳಿಕೆ ಬಂತು.

ಹುಚ್ಚಮ್ಮ ತಾವೇ ಮಾರುಕಟ್ಟೆಗೆ ಹೋಗಿ, ತಟ್ಟಿ ತಟ್ಟಿ ನೋಡಿ ಒಂದು ಕಾಯಿ ಆರಿಸಿ ತಂದರು. ಮೈತುಂಬ ಬೂದಿ, ಒರೆಸಿದರೆ ನುಣುಪು, ತೂಕ ಒಂದು ಕೂಸಿನಷ್ಟು. ಮಾಂಬಲಂ ಸ್ಟೇಷನ್ನಿನ ಮೆಟ್ಟಿಲಲ್ಲೇ ಅದು ಎರಡು ಸಲ ಜಾರಿತು. ಅಂಗೈಯಲ್ಲಿ ಹಿಡಿದರೆ ನಿಲ್ಲುತ್ತಿರಲಿಲ್ಲ. ಮೊಣಕೈಗಳನ್ನು ಕೆಳಗಿನಿಂದ ತೊಟ್ಟಿಲು ಮಾಡಿ, ಬೆನ್ನು ಬಗ್ಗಿಸಿ, ಗದ್ದ ಮೇಲೊತ್ತಿದರೆ ಮಾತ್ರ ಮಾತು ಕೇಳುತ್ತಿತ್ತು. ರೈಲಿನಲ್ಲಿ ಹೂ ಕಟ್ಟುತ್ತ ಕುಳಿತಿದ್ದ ಹೆಂಗಸೊಬ್ಬಳು, "ಎನ್ನ ಪಾಪ್ಪಾ, ಪುದು ವೀಡಾ?" ಎಂದು ಹೊಸ ಮನೆಯ ಸುದ್ದಿ ವಿಚಾರಿಸಿದಳು. ಇಲ್ಲ, ಮ್ಯಾಚ್, ಅಂದಳು ಮೌನ. ಮ್ಯಾಚ್ ಎಂದರೆ ಗಂಡು ಕೂಡಿಬಂದಿದೆ ಎಂದೇ ತಿಳಿದು ಆಕೆ ಮೊಳ ಹೂವನ್ನು ಕುಂಬಳದ ತೊಟ್ಟಿಗೆ ಮುಡಿಸಿದಳು. ಗಿಂಡಿ ಸ್ಟೇಷನ್ನಿನಲ್ಲಿ ಇಳಿದು ಹತ್ತಿದ ಬಸ್ಸಿನಲ್ಲಿ ಮುದುಕರೊಬ್ಬರು ಎದ್ದು ಸೀಟು ಕೊಟ್ಟರು, ಅವಳಿಗಲ್ಲ, ಕುಂಬಳಕ್ಕೆ. ಕಂಡಕ್ಟರು ಮಗುವಿಗೆ ಟಿಕೆಟ್ ಬೇಡವಾ ಎಂದು ಕೇಳಿ ಬಸ್ಸನ್ನೆಲ್ಲ ನಗಿಸಿದ. ಆ ಕಂಡಕ್ಟರನ ಗಂಟಲಂತೂ ಎಂಥ ಗಂಟಲು, ಮುಂದಿನ ಸ್ಟಾಪು ಹೇಳುವಾಗ ಕೊನೆಗೊಂದು ಸಣ್ಣ ಕೊಕ್ಕೆ. ಮೌನಳ ನಾಲಗೆ ತುದಿಯವರೆಗೆ ಬಂದಿತ್ತು. ಕುಂಬಳವನ್ನು ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡಳು, ಮಾತೂ ಅದರ ಜೊತೆ ಒಳಗೇ ಉಳಿಯಿತು.

ಮೈದಾನ ಮುಟ್ಟುವಾಗ ತೋಳು ಮರಗಟ್ಟಿದ್ದವು. ತಂಡದವರೆಲ್ಲ ಸಾಲಾಗಿ ನಿಂತು ನೋಡಿದರು. ನೀರಜಾ ಮಾತ್ರ ಬೂಟಿನ ದಾರ ಕಟ್ಟಲು ಬಗ್ಗಿದವಳು ಎಷ್ಟು ಹೊತ್ತಾದರೂ ಏಳಲಿಲ್ಲ. ವಿಷ್ಣುತೀರ್ಥರು ದೂರದಲ್ಲಿ ಮುಖ್ಯ ಅತಿಥಿಗಳಿಗೆ ಶಾಲು ಹೊದಿಸುವ ಗಡಿಬಿಡಿಯಲ್ಲಿದ್ದರು. ಮಧು ಸರ್ ಬಂದು ಕುಂಬಳವನ್ನೂ ಅವಳನ್ನೂ ನೋಡಿದರು.

"ಬೀಳಿಸಿದೆಯಾ?"

"ಇಲ್ಲ ಸರ್."

"ಹೆಂಗೆ ಹಿಡಿದಿದ್ದೆ, ತೋರ್ಸು."

ಅವಳು ತೋರಿಸಿದಳು. ತೊಟ್ಟಿಲು ತೋಳು, ಬಗ್ಗಿದ ಬೆನ್ನು, ಒತ್ತಿದ ಗದ್ದ. ಅವರು ಅವಳ ಒಂದು ಮೊಣಕೈಯನ್ನು ಒಂದಿಷ್ಟು ಒಳಗೆ ಸರಿಸಿ, ಹೋಗು, ಗ್ಲೌಸ್ ಹಾಕ್ಕೋ, ಅಂದರು. ಕುಂಬಳ ಒಡೆಯುವುದು ಮ್ಯಾಚ್ ಆದ ಮೇಲಂತೆ, ಅಲ್ಲಿವರೆಗೆ ನವ್ಯಾ ತೊಡೆಯ ಮೇಲಿರಲಿ. ಬೇರೆಯವರ ಕೈಗೆ ಕೊಡುವ ಹಾಗಿಲ್ಲವಲ್ಲ ಎಂದು ಮೌನ ತಡವರಿಸಿದಳು. ತೊಡೆ ಕೈಯಲ್ಲ ಅಂದರು ಮಧು ಸರ್.

ಎದುರಾಳಿ ವೇಲಚೇರಿ ತಂಡ, ಐಟಿ ಆಫೀಸುಗಳ ಹುಡುಗಿಯರು, ಸಾಕ್ಸಿನವರೆಗೂ ಒಂದೇ ಬಣ್ಣ. ಮಾಂಬಲಂನವರದು ಒಂದೇ ಬಣ್ಣದ ಹಲವು ತೊಳೆತಗಳು. ಮೊದಲರ್ಧದಲ್ಲಿ ನೀರಜಾ ಹೊಡೆದ ಚೆಂಡು ಯಾರದೋ ಬೆನ್ನಿಗೆ ತಾಗಿ ಗೋಲಾಯಿತು. ಆಮೇಲೆ ಉಳಿದದ್ದೆಲ್ಲ ಮೌನಳ ತಲೆ ಮೇಲೆ. ಗೋಲಿನೊಳಗೆ ಅವಳು ಆ ಕಂಬದಿಂದ ಈ ಕಂಬಕ್ಕೆ ಓಡಾಡಿದಳು, ಗ್ಲೌಸು ಬಿಚ್ಚಿ ಕಟ್ಟಿದಳು, ಗಡಿಯಾರ ಇಲ್ಲದ ಮಣಿಕಟ್ಟು ನೋಡಿಕೊಂಡಳು. ವೇಲಚೇರಿಯ ಕೋಚಿನ ಬೆಂಗಳೂರು ಗಂಟಲು ಅವಳಿಗೆ ಆಗಲೇ ಬಾಯಿಪಾಠವಾಗಿತ್ತು. ಅದನ್ನು ಉಗುಳಿದರೆ ಎದುರಾಳಿಗಳೆಲ್ಲ ದಿಕ್ಕು ತಪ್ಪುತ್ತಾರೆ, ತಾನೂ ಬೆಂಚಿಗೆ ಹೋಗುತ್ತಾಳೆ. ಬೆಂಚಿನ ಮೇಲೆ ಹೂ ಮುಡಿದ ಕುಂಬಳ ಅವಳನ್ನೇ ನೋಡುತ್ತಿತ್ತು.

ಆಟ ಮುಗಿಯುವ ಹೊತ್ತಿಗೆ ಶ್ರೀಯಾ ಬಂದಳು. ವೇಲಚೇರಿಯ ಗೋಲುಗಳನ್ನೆಲ್ಲ ಹೊಡೆದವಳು ಇವಳೇ. ನೀರಜಾಳನ್ನು ದಾಟಿದಳು, ಇನ್ನೊಬ್ಬಳನ್ನು ದಾಟಿದಳು. ಈಗ ಅವಳೂ ಮೌನಳೂ ಇಬ್ಬರೇ. ಶ್ರೀಯಾ, ಬಿಡು, ಆಫ್‌ಸೈಡು, ಎಂಬ ಕೂಗು ಬೆಂಗಳೂರಿನ ಗಂಟಲಲ್ಲಿ, ಮೌನಳ ಹಲ್ಲಿನ ಹಿಂದೆ ಬಂದು ನಿಂತಿತು. ಕೂಗಿದರೆ ಆ ಕಾಲು ಒಂದು ಕ್ಷಣ ತಡೆಯುತ್ತದೆ, ಅವಳಿಗೆ ಖಂಡಿತ ಗೊತ್ತಿತ್ತು. ಹಲ್ಲು ಕಚ್ಚಿದಳು. ಶ್ರೀಯಾ ಹೊಡೆದಳು. ಚೆಂಡು ಹೊಟ್ಟೆಯ ಮಟ್ಟಕ್ಕೆ, ಗುಂಡಿನಂತೆ, ತಿರುಗುತ್ತ ಬಂತು. ಎಂದಿನಂತೆ ಬಡಿಯಲು ಅಂಗೈ ಮೇಲೇಳಬೇಕಿತ್ತು, ಏಳಲಿಲ್ಲ. ರೈಲಿನಲ್ಲಿ, ಬಸ್ಸಿನಲ್ಲಿ ನೋವು ತಿಂದ ತೋಳುಗಳು ಅವಳನ್ನು ಕೇಳದೆಯೇ ತೊಟ್ಟಿಲಾದವು. ಬೆನ್ನು ಬಗ್ಗಿತು. ಗದ್ದ ಒತ್ತಿತು. ಚೆಂಡು ಎದೆಯೊಳಗೆ ಧಪ್ಪೆಂದು ಕೂತು, ಅಲ್ಲೇ ಉಳಿಯಿತು. ಇದೇನು ಇಷ್ಟು ಹಗುರ ಅನ್ನಿಸಿತು ಅವಳಿಗೆ. ಶ್ರೀಯಾ ಮರುಹೊಡೆತಕ್ಕೆ ಓಡಿಬಂದು, ಹೊಡೆಯಲು ಏನೂ ಇಲ್ಲದೆ ನಿಂತಳು. ರೆಫರಿ ಕೊನೆಯ ಸೀಟಿ ಊದಿದ.

ತಂಡದವರು ಮೈಮೇಲೆ ಬೀಳುತ್ತಿದ್ದರೂ ಮೌನಳಿಗೆ ಇನ್ನೂ ಒಂದು ಕೆಲಸ ಬಾಕಿಯಿತ್ತು. ನವ್ಯಾ ತೊಡೆಯಿಂದ ಕುಂಬಳ ಎತ್ತಿಕೊಂಡು ಗೋಲುಕಂಬದ ಕಡೆ ನಡೆದಳು. ಕಪ್ ಕೊಡಲು ಅಲ್ಲೇ ಮೇಜು ಹಾಕಿಸುತ್ತಿದ್ದ ವಿಷ್ಣುತೀರ್ಥರು ಮೈಕಿನಲ್ಲೇ ಗಂಟಲು ಸರಿಪಡಿಸಿಕೊಂಡರು.

"ಹ್ಞಾಂ… ಇದೇನವಾ ತಂಗಿ, ಕಪ್ ತಗೊಳ್ಳೂದು ಬಿಟ್ಟು ಕುಂಬಳಕಾಯಿ ಹಿಡಕೊಂಡ ಹೊಂಟಿ?"

ಕುಂಬಳಕಾಯಿ ಅಂದದ್ದೇ ತಡ, ಮೌನ ಎದೆ ಮುಟ್ಟಿಕೊಂಡಳು. ನೀವೇ ಫೋನ್ ಮಾಡಿ ಹೇಳಿದಿರಲ್ಲ ಸರ್, ದೃಷ್ಟಿಗೆ, ನೆಲಕ್ಕಿಡದೆ, ಆಟೋದಲ್ಲಿ ಬರದೆ, ಎಂದು ಒಪ್ಪಿಸಿದಳು. ವಿಷ್ಣುತೀರ್ಥರು ಮುಖ್ಯ ಅತಿಥಿಗಳ ಮುಖ ನೋಡಿದರು, ಅತಿಥಿಗಳು ಕುಂಬಳದ ಮುಖ ನೋಡಿದರು. ತಾವು ಯಾರಿಗೂ ಫೋನ್ ಮಾಡಿಲ್ಲ, ಆದರೆ ವಿಚಾರ ಭಾಳ ಚಲೋ ಅದ, ಮುಂದಿನ ವರ್ಷ ನಿಯಮದಾಗ ಸೇರಿಸೋಣು, ಅಂದರು.

ಆಗ ಮೌನಳ ಬೆನ್ನ ಹಿಂದೆ ಉದ್ದಕ್ಕೆ ಗಂಟಲು ಸರಿಪಡಿಸಿಕೊಂಡ ಸದ್ದು ಕೇಳಿಸಿತು. ವಿಷ್ಣುತೀರ್ಥರು ಮುಂದೆಯೇ ನಿಂತಿದ್ದರು, ಬಾಯಿ ಮುಚ್ಚಿತ್ತು.

"ಹ್ಞಾಂ… ನೆಲಕ್ಕ ಇಡಬ್ಯಾಡವಾ ತಂಗಿ. ಎದಿಗೆ ಅವಚಿಕೊ."

ತಿರುಗಿದಳು. ಮಧು ಸರ್. ಸ್ಟೇಷನ್ ಮಾಸ್ತರರ ಮುಖ, ಒಂದು ಗೆರೆ ಅಲುಗಿಲ್ಲ.

"ಹೊಟ್ಟೆಯಿಂದ ಬರ್ಬೇಕು ಅಂದಿದ್ನಲ್ಲ," ಅಂದರು ತಮ್ಮದೇ ದನಿಯಲ್ಲಿ. "ವಿಷ್ಣುತೀರ್ಥರದ್ದು ಮಾತ್ರ ಮೂಗಿಂದ."

ಮೊದಲು ನೀರಜಾ ಹುಲ್ಲಿನ ಮೇಲೆ ಕುಸಿದಳು, ನಿನ್ನೆ ಸಂಜೆಯಿಂದ ತಡೆದಿಟ್ಟದ್ದು ಬಿಕ್ಕಳಿಕೆಯ ಸಮೇತ ಹೊರಬಿತ್ತು. ಕದಲದ ನವ್ಯಾಳೂ ಕದಲಿ ಕದಲಿ ನಕ್ಕಳು. ವಿಷ್ಣುತೀರ್ಥರು ಹ್ಞಾಂ ಎಂದು ಶುರುಮಾಡಿ, ಆ ಹ್ಞಾಂ ಯಾರದೆಂದು ತಮಗೇ ಅನುಮಾನ ಬಂದು, ಮೈಕಿನಲ್ಲೇ ನಗತೊಡಗಿದರು. ಮೌನ ಮಾತ್ರ ಬಾಯಿ ತೆರೆದು ನಿಂತಿದ್ದಳು. ಇಡೀ ಸೀಸನ್ನು ತಾನು ಯಾರ ಬೆನ್ನ ಹಿಂದೆ ಯಾರ ದನಿ ಮಾಡುತ್ತಿದ್ದೆ ಎಂಬುದು ಅವಳ ತಲೆಗೆ ಮೆಲ್ಲಗೆ ಇಳಿಯುತ್ತಿತ್ತು. ಅದರ ಹಿಂದೆಯೇ ರೈಲು, ಹೂವಿನವಳು, ಮಗುವಿನ ಟಿಕೆಟ್ಟು. ತೋಳು ಸಡಿಲವಾಯಿತು. ಬೂದುಗುಂಬಳ ಗೋಲುಕಂಬದ ಬುಡಕ್ಕೆ ಬಿದ್ದು ನಾಲ್ಕು ದಿಕ್ಕಿಗೆ ಒಡೆಯಿತು, ಬೀಜ ಮಧು ಸರ್ ಪ್ಯಾಂಟಿನವರೆಗೂ ಸಿಡಿಯಿತು, ಆಗ ಅವಳು ನಕ್ಕಳು. ಇಷ್ಟು ದಿನ ಒಳಗಿಟ್ಟುಕೊಂಡದ್ದೆಲ್ಲ ಸೇರಿಸಿ ನಕ್ಕಳು, ತಂಡದವರ ನಗು, ಮೈಕಿನ ನಗು, ಎಲ್ಲವೂ ಅದರೊಳಗೆ ಮುಳುಗಿಹೋದವು, ಸುತ್ತಲಿನ ಫ್ಲಾಟುಗಳ ಬಾಲ್ಕನಿಗೆ ಜನ ಬಂದು ಇಣುಕಿದರು. ಕಣ್ಣೊರೆಸಿಕೊಳ್ಳುತ್ತ ಮಧು ಸರ್ ಕಡೆ ನೋಡಿದಳು, ಅವರ ಮುಖ ಇನ್ನೂ ಹಾಗೇ ಇತ್ತು, ಅದನ್ನು ಕಂಡು ಮತ್ತೆ ಶುರುವಾದಳು.