ಹನ್ನೆರಡು ತಿಂಗಳ ಕ್ಷೀರವ್ರತ

ಇಂದುಮತಿ ಹಾಲು ಬಿಟ್ಟಳೆಂಬ ಸುದ್ದಿ ಕಲಬುರಗಿಯ ನೆಂಟರಿಷ್ಟರಲ್ಲಿ ಹಬ್ಬಿದಾಗ ಎಲ್ಲರೂ ಮೊದಲು ಕೇಳಿದ್ದು ಯಾವ ಜಡ್ಡು ಎಂದು. ಜಡ್ಡಿಲ್ಲ ಎಂದು ತಿಳಿದ ಮೇಲೆ ಅವರ ಚಿಂತೆ ದುಪ್ಪಟ್ಟಾಯಿತು. ಜಡ್ಡಿಗಾದರೆ ಔಷಧವಿದೆ. ಮೂವತ್ತೊಂದು ವರ್ಷದ, ಕಮಲಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಹುಡುಗಿ ಹಾಲು, ಮೊಸರು, ಬೆಣ್ಣೆ, ತುಪ್ಪ ಎಲ್ಲಕ್ಕೂ ಒಂದೇ ದಿನ ಕೈಮುಗಿದು, ಮೇಲಾಗಿ ಗುಂಡುಕಲ್ಲಿನ ಹಾಗೆ ಓಡಾಡಿಕೊಂಡಿದ್ದರೆ ಅದಕ್ಕೆ ಯಾವ ಡಾಕ್ಟರು ಚೀಟಿ ಬರೆದುಕೊಡಬೇಕು?

ಕಾರಣ ಕಮಲಾಪುರದಲ್ಲಿತ್ತು. ಅಲ್ಲಿ ಅವಳು ಗುರುಲಿಂಗಪ್ಪ ಎಂಬ ಬಾಳೆತೋಟದ ರೈತನ ಮನೆಯಲ್ಲಿ ಒಂದು ಖೋಲಿ ಬಾಡಿಗೆ ಹಿಡಿದಿದ್ದಳು. ಮೂರು ವರ್ಷದ ಹಿಂದೆ ಆ ಮನೆಯ ಎಮ್ಮೆಯ ಕರು ಸತ್ತಿತು. ಕರು ಕಾಣದೆ ಎಮ್ಮೆ ಹಾಲು ಕೊಡಲೊಲ್ಲದು. ಗುರುಲಿಂಗಪ್ಪ ನಾಲ್ಕು ಮಂದಿ ಮಾಡುವುದನ್ನೇ ಮಾಡಿದ. ಸತ್ತ ಕರುವಿನ ಚರ್ಮ ಒಣಗಿಸಿ, ಒಳಗೆ ಹುಲ್ಲು ತುಂಬಿ ಹೊಲಿಸಿದ. ಅವನ ಹೆಂಡತಿ ಜಯದೇವಿ ಎರಡೂ ಹೊತ್ತು ಆ ಹುಲ್ಲಿನ ಕರುವನ್ನು ತಂದು ಎಮ್ಮೆಯ ಮುಂದೆ ನಿಲ್ಲಿಸುವಳು. ಎಮ್ಮೆ ಅದರ ತಲೆ ನೆಕ್ಕುತ್ತ ನಿಲ್ಲುವುದು, ಕೆಳಗೆ ಚರಿಗೆ ತುಂಬುವುದು. ಆ ಹಾಲಿನದೇ ಒಂದು ಗ್ಲಾಸು ಟೀಚರ ಖೋಲಿಗೂ ಬರುತ್ತಿತ್ತು, ಪ್ರೀತಿಯಿಂದ.

ಗುರುಲಿಂಗಪ್ಪನಾಗಲಿ ಜಯದೇವಿಯಾಗಲಿ ಕೆಟ್ಟವರಲ್ಲ. ಟೀಚರು ಹಾಲು ಒಲ್ಲೆ ಅಂದಾಗ ಎರಡು ದಿನ ಬೇಜಾರು ಮಾಡಿಕೊಂಡು, ಮೂರನೆಯ ದಿನದಿಂದ ತೋಟದ ಕೆಂಪು ಬಾಳೆಹಣ್ಣು ಕಳಿಸತೊಡಗಿದರು. ಆದರೆ ಆ ಎಮ್ಮೆ ಹುಲ್ಲನ್ನು ನೆಕ್ಕುವುದನ್ನು ನೋಡಿ ಇಂದುಮತಿಗೆ ಆದದ್ದು ಸಂಕಟ. ಅದಕ್ಕೆ ಬೇರೆ ಹೆಸರಿಲ್ಲ. ಇಂಥವರನ್ನು ಪರದೇಶದಲ್ಲಿ ವೀಗನ್ ಅನ್ನುತ್ತಾರೆಂದು ಮುಂದೊಮ್ಮೆ ಭಾನುವಾರದ ಪುರವಣಿಯಲ್ಲಿ ಓದಿದಳು. ಕಲಬುರಗಿಗೆ ಶಬ್ದ ಬಂದು ಮುಟ್ಟಿತ್ತು, ತಿನ್ನಲಿಕ್ಕೆ ಮಾತ್ರ ಏನೂ ಬಂದಿರಲಿಲ್ಲ.

ಅವಳನ್ನು ನೋಡಲು ಬರುವ ವರಗಳ ಕಡೆಯವರ ಮುಂದೆ ಇದನ್ನೆಲ್ಲ ಹೇಳುವುದು ಹೇಗೆ? ಎಮ್ಮೆಯ ಸಲುವಾಗಿ ಹಾಲು ಬಿಟ್ಟವಳು ನಾಳೆ ಎತ್ತಿನ ಸಲುವಾಗಿ ಅನ್ನ ಬಿಟ್ಟಾಳು ಎಂದು ಒಬ್ಬರು ಹೇಳಿ ಎದ್ದುಹೋಗಿದ್ದರು. ಆಗ ತಾಯಿ ಸರಸ್ವತೀಬಾಯಿ ಒಂದು ಉಪಾಯ ಹೂಡಿದರು. ಚಾತುರ್ಮಾಸದಲ್ಲಿ ವೈಷ್ಣವರ ಮನೆಗಳಲ್ಲಿ ತಿಂಗಳಿಗೊಂದು ವ್ರತ. ಮೊದಲ ತಿಂಗಳು ಕಾಯಿಪಲ್ಲೆ ಇಲ್ಲ, ಎರಡನೆಯ ತಿಂಗಳು ಮೊಸರಿಲ್ಲ, ಮೂರನೆಯದು ಕ್ಷೀರವ್ರತ, ಅಂದರೆ ಹಾಲಿಲ್ಲ, ನಾಲ್ಕನೆಯದು ದ್ವಿದಳ, ಬೇಳೆಕಾಳಿಲ್ಲ. "ನಮ್ಮ ಇಂದೂ ಕ್ಷೀರವ್ರತ ಹಿಡದಾಳ್ರಿ" ಎಂದುಬಿಟ್ಟರೆ ಮುಗಿಯಿತು. ಎಮ್ಮೆಗಾಗಿ ಬಿಟ್ಟರೆ ಹುಚ್ಚು, ದೇವರಿಗಾಗಿ ಬಿಟ್ಟರೆ ಸಂಸ್ಕಾರ. ಹಾಲು ಅದೇ, ಬಿಟ್ಟವಳೂ ಅವಳೇ.

ಇಂದುಮತಿ ಇಂಥ ಸುಳ್ಳಿಗೆ ಒಪ್ಪುವವಳಲ್ಲ. ಆದರೆ ಈ ಸಲ ಒಪ್ಪಿದಳು, ಏಕೆಂದರೆ ಈ ಸಲದ ವರ ಪ್ರಹ್ಲಾದ. ಕುಸನೂರ ಹತ್ತಿರದ ಯುನಿವರ್ಸಿಟಿಯ ಲೈಬ್ರರಿಯಲ್ಲಿ ಅವನಿಗೆ ನೌಕರಿ. ಎಂ.ಎಡ್. ಪರೀಕ್ಷೆಗೆಂದು ಎರಡು ವರ್ಷ ಅಲ್ಲಿಗೆ ಎಡತಾಕಿದಾಗ ಇಬ್ಬರ ನಡುವೆ ಆದ ಮಾತು ಪುಸ್ತಕ ತಿರುಗಿ ಕೊಡುವ ತಾರೀಖಿನ ಬಗ್ಗೆ ಮಾತ್ರ. ಹಾಗಿದ್ದೂ ಅವನು ಹರಿದ ಹಾಳೆಗಳಿಗೆ ಗೋಂದು ಹಚ್ಚಿ, ಒಣಗುವತನಕ ಅಂಗೈಯಿಂದ ಒತ್ತಿ ಹಿಡಿದು ಕೂಡುವುದನ್ನು ಅವಳು ನೋಡುತ್ತ ಕೂತದ್ದುಂಟು. ಹಿಂದಿನ ವರಗಳು ಬಿಟ್ಟುಹೋದಾಗ ಅವಳು ಹೊಟ್ಟೆತುಂಬ ಉಂಡಿದ್ದಳು. ಇವನು ಹೋದರೆ ಅಳು ಬರುತ್ತದೆಂದು ಅವಳಿಗೇ ಗೊತ್ತಿತ್ತು.

ಪ್ರಹ್ಲಾದನ ತಾಯಿ ಸಕ್ಕೂಬಾಯಿ. ತಂದೆಯವರು ಪುರೋಹಿತರು, ಆದರೆ ಪಾರಾಯಣ ಬಿಟ್ಟು ಉಳಿದ ವಿಷಯಗಳಲ್ಲಿ ಅವರ ಬಾಯಿಯೂ ಸಕ್ಕೂಬಾಯಿಯೇ. ಹುಡುಗಿಗೆ ಕ್ಷೀರವ್ರತ ಎಂದು ಕೇಳಿ ಅವರು ಬಲು ಖುಷಿಪಟ್ಟರು. ಆದರೆ ಹೆಣ್ಣಿನ ಮನೆಗೆ ಬರಲು ಒಪ್ಪಲಿಲ್ಲ. ಒಮ್ಮೆ ಅವರ ಉಪ್ಪಿಟ್ಟು ತಿಂದರೆ ಆಮೇಲೆ ಬೇಡ ಅನ್ನಲು ನಾಲಿಗೆ ಏಳುವುದಿಲ್ಲವಂತೆ. ಎರಡೂ ಮನೆ ಬೇಡ, ಹೊರಗೆ ಎಲ್ಲಾದರೂ ಕೂಡೋಣ ಎಂದರು. ಪಿತೃಪಕ್ಷ ಬಂತು, ನವರಾತ್ರಿ ಬಂತು, ದಿನ ಮುಂದೆ ಹೋಗುತ್ತ ಹೋಗುತ್ತ ದೀಪಾವಳಿಗೆ ಎಂಟು ದಿನ ಉಳಿದವು. ಸುಳ್ಳು ಹೇಳಿದ ತಿಂಗಳು ಒಂದು, ಭೇಟಿ ಕೂಡಿಬಂದ ತಿಂಗಳು ಇನ್ನೊಂದು. ಈ ಸಣ್ಣ ಸಂಗತಿ ಸರಸ್ವತೀಬಾಯಿಯ ತಲೆಗೆ ಹೊಳೆಯಲೇ ಇಲ್ಲ.

ಪ್ರಹ್ಲಾದ ಆರಿಸಿದ ಜಾಗ ಸ್ಟೇಶನ್ ಬಜಾರಿನಲ್ಲಿ ಆ ವರ್ಷವೇ, ಎರಡು ಸಾವಿರದ ಏಳರಲ್ಲಿ, ತೆರೆದಿದ್ದ 'ಕ್ವಿಕ್ ದರಬಾರ್'. ಹೈದರಾಬಾದ್, ಸೊಲ್ಲಾಪುರ ಎಲ್ಲ ಕಡೆ ಒಂದೇ ಬಣ್ಣದ ಕುರ್ಚಿ, ಒಂದೇ ರುಚಿಯ ಪಿಜ್ಜಾ ಎಂಬುದು ಅವರ ಹೆಗ್ಗಳಿಕೆ. ಪೂರ್ತಿ ಸಸ್ಯಾಹಾರಿ ಎಂದು ಬಾಗಿಲಲ್ಲೇ ಮೊರದಷ್ಟು ದೊಡ್ಡ ಹಸಿರು ಚುಕ್ಕೆ. ಗಂಡನನ್ನು ಪಾರಾಯಣಕ್ಕೆ ಬಿಟ್ಟು ಬಂದಿದ್ದ ಸಕ್ಕೂಬಾಯಿ ಮಡಿಯ ಹೆಂಗಸು, ಅಲ್ಲಿ ನೀರೂ ಮುಟ್ಟುವವರಲ್ಲ. ಮನೆಯಿಂದ ತಂದ ಸ್ಟೀಲಿನ ಡಬ್ಬಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಎಸಿಯ ಕೆಳಗೆ ಶಾಲು ಹೊದ್ದು ಕೂತರು. "ಹುಡುಗಿ ಏನ ತಿಂತದೋ ತರಸಲಿ. ನಾವು ನೋಡ್ತೀವಿ," ಎಂದರು. ಊಟವಲ್ಲ, ಅದು ಪರೀಕ್ಷೆ ಎಂದು ಎಲ್ಲರಿಗೂ ತಿಳಿಯಿತು. ಇಂದುಮತಿಯ ತಂದೆ ವಾಸುದೇವರಾವ್ ಒಬ್ಬರಿಗೆ ತಿಳಿಯಲಿಲ್ಲ. ಅವರು ಮೆನು ಓದುವುದರಲ್ಲಿ ಮುಳುಗಿದ್ದರು.

ಇಂದುಮತಿ ಕೌಂಟರಿಗೆ ಹೋದಳು. ಜೊತೆಗೆ ಪ್ರಹ್ಲಾದನೂ ಎದ್ದು ಬಂದ. ಕೆಂಪು ಟೊಪ್ಪಿಗೆ ಹಾಕಿಕೊಂಡ ಹೆಂಗಸೊಬ್ಬಳು ನಿಂತಿದ್ದಳು. ಎದೆಯ ಮೇಲಿನ ಬಿಲ್ಲೆಯಲ್ಲಿ ಗುಲ್ಶನ್ ಎಂದಿತ್ತು.

"ಹಾಲಿಂದು ಏನೂ ಇಲ್ಲದ್ದು ಏನದರಿ?"

"ಎಲ್ಲಾ ಪ್ಯೂರ್ ವೆಜ್ ಮೇಡಂ. ಹಸಿರು ಚುಕ್ಕಿ ನೋಡ್ರಿ."

"ಅದು ಖರೆ. ಹಾಲು ಬ್ಯಾಡ ನನಗ. ಚೀಸ್ ಇಲ್ಲದ ಪಿಜ್ಜಾ ಆಗ್ತದೇನು?"

"ಚೀಸ್ ಇಲ್ಲಂದ್ರ ಅದು ರೋಟಿ ಆಗ್ತದಲ್ಲ ಮೇಡಂ!"

"ರೋಟಿನ ಕೊಡ್ರಿ."

"ರೋಟಿಗೆ ಹಾಲಿನ ಪೌಡರ್ ಕಲಸೇ ಕಳಸ್ತಾರ, ಹೈದರಾಬಾದದಿಂದ."

ಬರ್ಗರಿನ ಬನ್ನಿಗೆ ಬೆಣ್ಣೆ ಸವರಿತ್ತು, ನಡುವಿನ ವಡೆಯಲ್ಲಿ ಪನೀರ್ ಇತ್ತು. ಮೇಲೆ ಹಾಕುವ ಬಿಳಿ ಸಾಸಿನಲ್ಲಿ ಮೊಟ್ಟೆ ಇಲ್ಲ, ಹಾಗಾಗಿ ಕಂಪನಿಯವರು ಮುತುವರ್ಜಿಯಿಂದ ಅದರ ಬದಲು ಹಾಲು ಹಾಕಿದ್ದರು. ಸೂಪಿನ ಮೇಲೆ ಕೆನೆ. ನಿಂಬೆ ಶರಬತ್ತು ಕೇಳಿದರೆ ಆ ಯಂತ್ರ ಕೆಟ್ಟಿತ್ತು. ಇಷ್ಟು ದೊಡ್ಡ ಹಸಿರು ಚುಕ್ಕೆಯ ಕೆಳಗೆ ಒಬ್ಬ ಹೆಂಗಸು ಉಪವಾಸ ಬೀಳಬಹುದೆಂದು ಹೈದರಾಬಾದಿನಲ್ಲಿ ಯಾರಿಗೂ ಅನ್ನಿಸಿರಲಿಕ್ಕಿಲ್ಲ. ಇಂದುಮತಿ ಸೋತು, ಚೀಲದಿಂದ ಕಮಲಾಪುರದ ಕೆಂಪು ಬಾಳೆಹಣ್ಣು ತೆಗೆದಳು. ಗುಲ್ಶನ್ ಪಾಪ ಸಂಕೋಚದಿಂದಲೇ ಗೋಡೆಯ ಬೋರ್ಡು ತೋರಿಸಿದಳು. ಹೊರಗಿನ ತಿನಿಸು ತರಬಾರದು.

"ಆಲೂ ಫಿಂಗರ್ ನೋಡ್ಲಾ?" ಎಂದು ಗುಲ್ಶನ್ನೇ ಒಳಗೆ ಹೋಗಿ ರಟ್ಟಿನ ಖೋಕಾ ಎತ್ತಿ ತಂದು, ಮೇಲಿನ ಅಕ್ಷರಕ್ಕೆ ಬೆರಳಿಟ್ಟು ಓದಿದಳು. ಆಲೂಗಡ್ಡೆ, ಎಣ್ಣೆ, ಉಪ್ಪು, ಗರಿಗರಿಯಾಗಲೆಂದು ಕಡಲೆಹಿಟ್ಟು. "ದೂಧ್ ನಹೀ ಹೈ ಮೇಡಂ!" ಅವಳಿಗೂ ಇಂದುಮತಿಯಷ್ಟೇ ಸಂತೋಷವಾಗಿತ್ತು.

"ಮ್ಯಾಲೆ ಬೆಣ್ಣಿ ಹಾಕಬ್ಯಾಡ್ರಿ ಇವರಿಗೆ," ಎಂದ ಪ್ರಹ್ಲಾದ.

ಇಂದುಮತಿ ಅವನ ಕಡೆ ತಿರುಗಿದಳು. ಕ್ಷೀರವ್ರತದಲ್ಲಿ ಬೆಣ್ಣೆಗೆ ಅಡ್ಡಿಯಿಲ್ಲ. ಪುರೋಹಿತರ ಮನೆಯ ಹುಡುಗನಿಗೆ ಅದು ಗೊತ್ತಿರಲೇಬೇಕು.

"ಎರಡು ವರ್ಷ ಕ್ಯಾಂಟೀನದಾಗ ಬರೇ ಕರೀ ಚಹಾ ಕುಡದೀರಿ," ಎಂದ ಅವನು, ಟ್ರೇ ಎತ್ತಿಕೊಳ್ಳುತ್ತ. "ವ್ರತಾ ಇಷ್ಟ ಉದ್ದ ಇರೂದಿಲ್ರಿ."

ಹಾಗೆಂದವನು ಮುಂದೆ ಏನೂ ಕೇಳಲಿಲ್ಲ. ಇಂದುಮತಿಗೆ ಎದೆ ತುಂಬಿ ಬಂತು. ಇನ್ನು ಈ ವರ ಕೈತಪ್ಪಿದರೆ ಅವಳಿಗೆ ತಡೆದುಕೊಳ್ಳಲು ಆಗುವಂತಿರಲಿಲ್ಲ.

ಪ್ರಹ್ಲಾದ ಎಲ್ಲರಿಗೆಂದು ತರಿಸಿದ್ದ ಪಿಜ್ಜಾವನ್ನು ವಾಸುದೇವರಾವ್ ತಮ್ಮ ಕಡೆ ಎಳೆದುಕೊಂಡರು. ಗಂಡಿನ ಕಡೆಯವರು ತರಿಸಿದ್ದನ್ನು ಬಿಡಬಾರದು ಎಂಬುದು ಅವರ ನೀತಿ. ಸಕ್ಕೂಬಾಯಿ ಆಲೂ ಫಿಂಗರಿನ ಕಡೆ ಬಗ್ಗಿದರು.

"ಇದರಾಗ ಏನೇನ ಹಾಕ್ಯಾರ?"

"ಕಾಕು, ಆಲೂಗಡ್ಡಿ, ಕಡ್ಲಿಹಿಟ್ಟು," ಎಂದಳು ಇಂದುಮತಿ.

"ಕಡ್ಲಿಹಿಟ್ಟು? ದ್ವಿದಳ ಶುರು ಆಗಿ ಹತ್ತು ದಿನಾ ಆತು. ಕ್ಷೀರವ್ರತ ಮಾಡಿದಾಕಿ ದ್ವಿದಳ ಮಾಡೂದಿಲ್ಲೇನು?"

ಸರಸ್ವತೀಬಾಯಿಯ ಮುಖದ ಕಳೆ ಹಾರಿತು. ಕೈಗೆ ಸಿಕ್ಕ ಸುಳ್ಳನ್ನೇ ಎತ್ತಿಕೊಂಡರು. "ಮಾಡ್ತಾಳ್ರಿ! ಅದನೂ ಮಾಡ್ತಾಳ. ಕ್ಷೀರವ್ರತ ಅಂತೂ ಹನ್ನೆರಡೂ ತಿಂಗಳ ಹಿಡದಾಳ್ರಿ ಅಕಿ."

"ಹನ್ನೆರಡು ತಿಂಗಳ? ಯಾವ ಶಾಸ್ತ್ರದಾಗ ಅದರಿ ಅದು?"

ಸರಸ್ವತೀಬಾಯಿ ಆಲೂ ಫಿಂಗರಿನ ತಟ್ಟೆಯನ್ನು ಮೆಲ್ಲಗೆ ಗಂಡನ ಕಡೆ ಸರಿಸಿದರು. ಟೊಮ್ಯಾಟೊ ಸಾಸಿನ ಕಡೆ ಇಂದುಮತಿಯ ಕಣ್ಣು ಹೊರಳಿತು. ಅದು ಬಹಳ ಬೀಜದ ಹಣ್ಣು, ದ್ವಿದಳದ ಈ ತಿಂಗಳು ಅದೂ ವರ್ಜ್ಯ. ಹಾಲಿನದೆಲ್ಲ ನಿಜಕ್ಕಾಗಿ ಹೋಯಿತು, ಬೇಳೆಯದೆಲ್ಲ ಸುಳ್ಳಿಗಾಗಿ ಹೋಯಿತು. ಕ್ವಿಕ್ ದರಬಾರಿನಲ್ಲಿ ಅವಳ ಪಾಲಿಗೆ ಉಳಿದದ್ದು ಕಾಗದದ ಕರವಸ್ತ್ರ.

"ಹೋಗಲಿ ಬಿಡ್ರಿ," ಎಂದರು ಸಕ್ಕೂಬಾಯಿ. ಮುಖ ಸಡಿಲವಾಗಿತ್ತು. "ಹುಡುಗಿ ಲಕ್ಷಣ ಆಗ್ಯಾಳ, ನೌಕರಿ ಅದ, ನಮ್ಮ ಪ್ರಹ್ಲಾದನ ಮನಸ್ಸೂ ಅದ. ತುಳಸಿ ಲಗ್ನ ಆದ ಮ್ಯಾಲ ತಿಥಿ ನೋಡೂಣು." ಅವರು ಡಬ್ಬಿಯ ಮುಚ್ಚಳ ತೆಗೆದರು. ಒಳಗೆ ಮನೆಯಲ್ಲೇ ಹಾಲು ಕಾಸಿ ಮಾಡಿದ ಪೇಡೆ. ಇಂಥ ಮನೆಗಳಲ್ಲಿ ನಿಶ್ಚಯಕ್ಕೆ ಸಾಖರಪುಡಾ ಎನ್ನುತ್ತಾರೆ. ಹಿಂದೆ ಸಕ್ಕರೆಯ ಪುಡಿಕೆ ಬಿಚ್ಚಿ ಹೆಣ್ಣಿನ ಬಾಯಿ ಸಿಹಿ ಮಾಡಿದರೆ ಮಾತು ಮುಗಿಯಿತು. ಈಗ ಸಕ್ಕರೆ ಸಪ್ಪೆಯೆನಿಸಿ ಆ ಜಾಗಕ್ಕೆ ಪೇಡೆ ಬಂದಿದೆ.

ಗುಲ್ಶನ್ ಹೊರಗಿನ ತಿನಿಸಿನ ಬೋರ್ಡು ನೆನಪಿಸಲು ನಾಲ್ಕು ಹೆಜ್ಜೆ ಬಂದಳು, ಸಕ್ಕೂಬಾಯಿಯ ಒಂದು ನೋಟಕ್ಕೆ ಹಾಗೇ ಹಿಂದೆ ಸರಿದಳು. "ಕ್ಷೀರವ್ರತ ಮುಗದದ. ಈಗ ಹಾಲು ನಡೀತದ. ಬಾಯಿ ತಗಿ," ಎಂದು ಸಕ್ಕೂಬಾಯಿ ಪೇಡೆ ಎತ್ತಿ ಹಿಡಿದರು.

ಟೇಬಲ್ಲಿನ ಕೆಳಗೆ ಸರಸ್ವತೀಬಾಯಿ ಮಗಳ ತೊಡೆ ಚಿವುಟಿದರು. "ಒಂದ ಪೇಡೆ. ಏನೂ ಆಗೂದಿಲ್ಲ," ಎಂದು ಹಲ್ಲಿನ ಸಂದಿಯಲ್ಲೇ ಅಂದರು. ನಿಜ, ಏನೂ ಆಗುತ್ತಿರಲಿಲ್ಲ. ನುಂಗಿದರೆ ಪ್ರಹ್ಲಾದ. ಇಂದುಮತಿ ಅವನ ಕಡೆ ನೋಡಿದಳು, ಪೇಡೆಯ ಕಡೆ ನೋಡಿದಳು. ಬಾಯಿ ತೆರೆಯಲು ಆಗಲಿಲ್ಲ. ಮಾತನಾಡಲು ತೆರೆದಳು.

"ಕಾಕು, ನಾ ಯಾವ ವ್ರತಾನೂ ಮಾಡೂದಿಲ್ರಿ. ಆಯಿ ಸುಳ್ಳ ಹೇಳ್ಯಾಳ, ನಾ ಸುಮ್ಮನಿದ್ದೆ, ಅದು ನಂದೂ ತಪ್ಪ." ಮತ್ತೆ ಎಮ್ಮೆ, ಕರು, ಹುಲ್ಲು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಸರಸ್ವತೀಬಾಯಿ ಹಣೆ ಹಿಡಿದುಕೊಂಡು ಕೂತರು.

ಸಕ್ಕೂಬಾಯಿ ಪೇಡೆಯನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು.

"ದೇವರ ಹೆಸರಲೆ ಸುಳ್ಳ ಹೇಳಬಾರದಾಗಿತ್ತು," ಎಂದರು ಸರಸ್ವತೀಬಾಯಿಗೆ. ಆಮೇಲೆ ಇಂದುಮತಿಗೆ, "ತಲಿ ಖರೇದ ಇತ್ತೋ, ಕಟ್ಟಿಗಿದೋ?"

"ಏನ್ರಿ?"

"ಕರುವಿನ ತಲಿ."

"ಖರೇದ್ರಿ. ಕಣ್ಣ ಇದ್ದಲ್ಲೆ ಹುಲ್ಲು ಹೊರಗ ಬಂದಿತ್ತು."

ಸಕ್ಕೂಬಾಯಿ ಡಬ್ಬಿಯನ್ನು ಮಡಿಲಿನಿಂದ ತೆಗೆದು ಬದಿಗಿಟ್ಟರು. ಆಮೇಲೆ ಮಗನಿಗೆ, "ಸಕ್ಕರಿ ಅದನೋ ಕೇಳು," ಎಂದರು.

ಪ್ರಹ್ಲಾದ ಓಡಿದ. ಸಕ್ಕರೆಯ ಪೊಟ್ಟಣ ಕಾಫಿಯ ಜೊತೆಗೆ ಮಾತ್ರ, ಬೇರೆ ಕೊಡುವುದಿಲ್ಲ, ಕಂಪನಿಯ ನಿಯಮ. ಕಾಫಿಯ ಯಂತ್ರಕ್ಕೆ ಹಾಲು ಹಾಕದೆ ಇರಲು ಬರುತ್ತಿರಲಿಲ್ಲ. ಹೀಗಾಗಿ ಹಾಲು ಬಿಟ್ಟ ಹುಡುಗಿಗಾಗಿ ಹಾಲಿನ ಕಾಫಿಯೊಂದು ಹೊಗೆಯಾಡುತ್ತ ಬಂತು, ಬದಿಯಲ್ಲಿ ಬೆರಳುದ್ದದ ಸಕ್ಕರೆಯ ಪೊಟ್ಟಣ. ಸಕ್ಕೂಬಾಯಿ ಅದರ ತುದಿ ಹರಿದರು.

"ಬಾಯಿ ತಗಿ."

ಇಂದುಮತಿ ತೆರೆದಳು. ಸಕ್ಕರೆ ನಾಲಿಗೆಯ ಮೇಲೆ ಬಿತ್ತು, ಎರಡು ಕಾಳು ಗದ್ದಕ್ಕೆ ಹತ್ತಿದವು. ಸಕ್ಕೂಬಾಯಿ ಅವನ್ನು ಹೆಬ್ಬೆರಳಿನಿಂದ ಒರೆಸಿದರು.

"ನಾ ಆಗ ಹನ್ನೊಂದು ವರ್ಷದಾಕಿ," ಎಂದರು, ಯಾರ ಕಡೆಯೂ ನೋಡದೆ. "ನಮ್ಮ ತವರಮನ್ಯಾಗ ಅಂಥಾದ ಹುಲ್ಲಿನ ಕರಾ ಎತ್ತಿಕೊಂಡ ಹೋಗಿ ಎಮ್ಮಿ ಮುಂದ ಇಡೂದು ನನ್ನ ಕೆಲಸ ಇತ್ತು. ಕರುವಿನಷ್ಟ ಇತ್ತು, ಭಾರನ ಇರಲಿಲ್ಲ. ಐವತ್ತು ವರ್ಷ ಆತು ಕ್ಷೀರವ್ರತ ಮಾಡಲಿಕ್ಕತ್ತು. ಆ ಒಂದ ತಿಂಗಳ ಮುಗೀಬಾರದು ಅನಸ್ತದ ನನಗ."

ಪ್ರಹ್ಲಾದ ತಾಯಿಯನ್ನು ಹೊಸಬರನ್ನು ನೋಡುವಂತೆ ನೋಡುತ್ತಿದ್ದ. ವಾಸುದೇವರಾವ್ ಪಿಜ್ಜಾ ಮುಗಿಸಿ, ಗಂಡಿನ ಕಡೆಯವರು ತರಿಸಿದ್ದನ್ನು ಬಿಡಬಾರದೆಂದು ಕಾಫಿಗೆ ಕೈ ಚಾಚಿದರು. ಒಂದು ಗುಟುಕು ಹೀರಿ ಮುಖ ಹುಳ್ಳಗೆ ಮಾಡಿದರು.

"ಇದಕ್ಕ ಸಕ್ಕರಿನ ಇಲ್ಲಲಾ!"

"ಸುಮ್ಮನ ಕುಡೀರಿ," ಎಂದರು ಸರಸ್ವತೀಬಾಯಿ, ಕಣ್ಣೊರೆಸಿಕೊಳ್ಳುತ್ತ.