ಜೋಡಿ ಸೈಕಲ್ಲಿನ ಬಿರುಕು

ಸೈಕಲ್ಲು ಒರೆಸುವ ಬಟ್ಟೆಯ ಎಳೆಯೊಂದು ಸಿಕ್ಕಿಕೊಂಡಾಗಲೇ ಅವಳಿಗೆ ಗೊತ್ತಾದದ್ದು. ಮುಂದಿನ ಪೆಡಲಿನ ಹತ್ತಿರ, ಕೆಳಗಿನ ಕೊಳವೆಯ ಮೇಲೆ, ಕೂದಲೆಳೆಯಂಥ ಗೆರೆ. ಗೀರಿರಬೇಕು ಎಂದುಕೊಂಡು ಉಗುರು ಆಡಿಸಿದಳು. ಉಗುರು ತಡೆಯಿತು. ಸೀಟಿನ ಮೇಲೆ ಭಾರ ಬಿಟ್ಟು ಅದುಮಿದಳು. ಗೆರೆ ಬಾಯಿ ತೆರೆಯಿತು, ಕೈ ತೆಗೆದಾಗ ಮುಚ್ಚಿಕೊಂಡಿತು.

"ಆಯ್ತಾ? ಹೊರಡೋಣ್ವಾ?" ಗಂಡ ಆಗಲೇ ಶೂ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ.

"ಪಂಕ್ಚರ್ ಆಗಿದೆ ರೀ," ಎಂದುಬಿಟ್ಟಳು.

ಅವನು ಬಸ್ ಡ್ರೈವರಾಗಿದ್ದವನು. ಕಣ್ಣಿನ ನರ ಒಣಗುತ್ತಿದೆ ಎಂದು ಡಾಕ್ಟರು ಹೇಳಿದ ಮೇಲೆ ವರ್ಷ ತಿರುಗುವಷ್ಟರಲ್ಲಿ ಅವನಿಗೆ ಹಗಲೂ ರಾತ್ರಿಯೂ ಒಂದೇ ಆಗಿಹೋಯಿತು. ಊರಿಗೆಲ್ಲ ದಾರಿ ತೋರಿಸಿದವನು ಬಚ್ಚಲಿಗೆ ಹೋಗಲು ಗೋಡೆ ತಡವಿದ. ಮಾತು ಬಿಟ್ಟ, ಗಡ್ಡ ಬಿಟ್ಟ. ಒಂದು ಬೆಳಿಗ್ಗೆ ಬಟ್ಟೆ ಒಣಹಾಕಲು ತಾರಸಿಗೆ ಹೋದವಳು, ಅವನು ಮೋಟುಗೋಡೆಯ ಆಚೆ ಒಂದು ಕಾಲು ಹಾಕಿ ಕೂತಿದ್ದನ್ನು ಕಂಡಳು. ಕೂಗಲಿಲ್ಲ. ಹಿಂದಿನಿಂದ ಹೋಗಿ ಅಂಗಿ ಹಿಡಿದುಕೊಂಡಳು. ಆ ಮಾತನ್ನು ಆಮೇಲೆ ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಅತ್ತೆ ಮಾತ್ರ ಏನೂ ಕೇಳದೆ ತಾರಸಿಯ ಬಾಗಿಲಿಗೆ ಬೀಗ ಜಡಿದರು.

ಅಟ್ಟದಿಂದ ಆ ಸೈಕಲ್ಲನ್ನು ಇಳಿಸಿದ್ದೂ ಅತ್ತೆಯೇ. ಹರೆಯದಲ್ಲಿ ಮಾವ ಎಲ್ಲಿಂದಲೋ ಹೊಂದಿಸಿ ತಂದ ಅಲ್ಯೂಮಿನಿಯಂ ಸೈಕಲ್ಲು. ಎರಡು ಸೀಟು, ಎರಡು ಜೊತೆ ಪೆಡಲು, ಮೈಯೆಲ್ಲ ಮಂಜಿನ ಹಾಗೆ ಬೆಳ್ಳಗೆ. "ಇದರ ಮೇಲೆ ನಿಮ್ಮಪ್ಪ ನನ್ನನ್ನ ಹಿಂದೆ ಕೂರಿಸ್ಕೊಂಡು, ತುಳೀತಾ ಇದ್ದೀಯೋ ಇಲ್ವೋ ಅಂತ ದಾರಿಯುದ್ದಕ್ಕೂ ಕೇಳ್ತಿದ್ರು. ನಾನು ಒಂದಿನಾನೂ ತುಳೀಲಿಲ್ಲ," ಎಂದು ಅತ್ತೆ ಹೇಳಿದಾಗ ಗಂಡ ನಕ್ಕಿದ್ದ. ಎಷ್ಟೋ ತಿಂಗಳ ಮೇಲೆ ಕೇಳಿದ ನಗು. ಅಂದಿನಿಂದ ದಿನವೂ ಬೆಳಿಗ್ಗೆ ಅವಳು ಮುಂದೆ, ಅವನು ಹಿಂದೆ. ಕಾಲುವೆಯ ರಸ್ತೆಯಲ್ಲಿ ಗಾಳಿ ಮುಖಕ್ಕೆ ಬಡಿದಾಗ ಅವನ ಮೈ ಸಡಿಲವಾಗುವುದು ಹ್ಯಾಂಡಲ್ಲಿನಲ್ಲೇ ಅವಳಿಗೆ ತಿಳಿಯುತ್ತಿತ್ತು. ಮನೆಗೆ ಬಂದು ಹೊಟ್ಟೆ ತುಂಬ ಉಣ್ಣುತ್ತಿದ್ದ. ಅಂಥ ಸೈಕಲ್ಲು ಈಗ ಹುಡುಕಿದರೂ ಸಿಗುವುದಿಲ್ಲ. ಕಬ್ಬಿಣದ್ದನ್ನು ಎತ್ತಿ ತಿರುಗಿಸುವ ಕಸುವು ಅವಳಿಗಿಲ್ಲ.

ಚಕ್ರ ಬಿಚ್ಚಿ, ಬರೀ ಚೌಕಟ್ಟನ್ನು ಹೆಗಲಿಗೇರಿಸಿ, ಪಂಕ್ಚರ್ ಹಾಕಿಸುವ ನೆಪದಲ್ಲಿ ಹೊರಟಳು. ಮೊದಲ ವೆಲ್ಡಿಂಗ್ ಅಂಗಡಿಯವನು ಮುಟ್ಟಿಯೂ ನೋಡಲಿಲ್ಲ. "ಕಬ್ಬಿಣ ಆದ್ರೆ ಬನ್ನಿ. ಇದರ ಸಹವಾಸ ನಮಗೆ ಬೇಡ," ಎಂದ. ಇನ್ನೊಬ್ಬ ಗೇಟು, ಕಿಟಕಿ ಬೆಸೆಯುವವನು. ಅವನೂ ತಲೆ ಕೆರೆದುಕೊಂಡ. "ಅಲ್ಯೂಮಿನಿಯಂ ಕಾದ್ರೂ ಕೆಂಪಾಗಲ್ಲ ಅಕ್ಕಾ. ಯಾವಾಗ ಕರಗುತ್ತೆ ಅಂತ ಗೊತ್ತಾಗಲ್ಲ. ಅದೂ ಇಷ್ಟು ಹಳೇದು, ಇಷ್ಟು ತೆಳ್ಳಗೆ."

"ಹೇಗಾದ್ರೂ ಮಾಡಿ ಕೊಡಿ ಅಣ್ಣಾ. ನಿಮ್ಮ ಕಾಲಿಗೆ ಬೀಳ್ತೀನಿ."

ಹಾಗೆ ಅಂದದ್ದೇ ತಪ್ಪಾಯಿತು. ಮನಸ್ಸಿಲ್ಲದ ಮನಸ್ಸಿನಿಂದ ಅವನು ಜ್ವಾಲೆ ಹಿಡಿದ. ಏನೂ ಆಗಲಿಲ್ಲ, ಏನೂ ಆಗಲಿಲ್ಲ. ಆಮೇಲೆ ಒಮ್ಮೆಲೇ ಲೋಹ ಬೆಣ್ಣೆಯ ಹಾಗೆ ಕುಸಿದು ನೆಲಕ್ಕೆ ತೊಟ್ಟಿಕ್ಕಿತು. ಗೆರೆಯಿದ್ದಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಅವನು ಕನ್ನಡಕ ಹಣೆಗೇರಿಸಿ, "ಹೇಳಿದ್ನಲ್ಲಕ್ಕಾ," ಎಂದ. ಅವಳು ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತಳು.

ಚೌಕಟ್ಟನ್ನು ಮೆಲ್ಲಗೆ ಅಂಗಳದಲ್ಲಿ ಒರಗಿಸುವಾಗ ಗಂಡ ಎದುರಿಗೇ ಕೂತಿದ್ದ. "ಪಂಕ್ಚರ್ ಹಾಕ್ಸೋಕೆ ಇಷ್ಟೊತ್ತಾ?" ಎನ್ನುತ್ತ ಎದ್ದು ಬಂದ. ಅವನ ಕೈ ಹ್ಯಾಂಡಲ್ಲಿನಿಂದ ಇಳಿಯುತ್ತ, ಕೊಳವೆಯುದ್ದಕ್ಕೂ ಸಾಗಿ, ತೂತಿನ ಮೇಲೆ ನಿಂತಿತು. ಸುಟ್ಟ ಅಂಚನ್ನು ಸುತ್ತ ಮುಟ್ಟಿದ.

"ಕಣ್ಣು ಹೋಗಿದೆ ಕಣೇ, ಬುದ್ಧಿ ಹೋಗಿಲ್ಲ."

"ನಿಮಗೆ ಬೇಜಾರಾಗ್ಬಾರ್ದು ಅಂತ..."

"ಗುಜರಿಗೆ ಹಾಕು. ನನ್ನನ್ನೂ ಜೊತೆಗೆ."

ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ. ಕರೆದರೆ ಓ ಎನ್ನಲಿಲ್ಲ. ಅತ್ತೆ ತುತ್ತು ಮಾಡಿ ಬಾಯಿಗಿಟ್ಟರೆ ಮುಖ ತಿರುಗಿಸಿದ. ಅವನನ್ನು ಒಂಟಿ ಬಿಡುವ ಧೈರ್ಯ ಅವಳಿಗಿರಲಿಲ್ಲ. ತಾನು ಬಚ್ಚಲಿಗೆ ಹೋದರೂ ಬಾಗಿಲು ಅರೆ ತೆರೆದೇ ಇಟ್ಟಳು.

ಆದರೂ ಹೊಲಿದ ಪಟ್ಟಿಗಳನ್ನು ತಲುಪಿಸಲೇಬೇಕಿತ್ತು. ಕೃತಕ ಕಾಲು ಮಾಡುವ ಕಾರ್ಖಾನೆಯೊಂದಕ್ಕೆ ಅವಳು ಮನೆಯಲ್ಲೇ ಕ್ಯಾನ್ವಾಸ್ ಪಟ್ಟಿ ಹೊಲಿದುಕೊಡುತ್ತಿದ್ದಳು. ಅತ್ತೆಯನ್ನು ಅವನ ಕಾವಲಿಗೆ ಕೂರಿಸಿ ಓಡಿದಳು. ಅಲ್ಲಿ ಕಾಲು ಮಾಡುವ ಮುದುಕ ಒಂದು ಅಚ್ಚಿಗೆ ಗಾಜಿನೆಳೆಯ ಬಟ್ಟೆ ಸುತ್ತಿ, ಬ್ರಷ್ಷಿನಿಂದ ಅಂಟುದ್ರವ ಉಣಿಸುತ್ತಿದ್ದ. ಒಣಗಿ ಕಲ್ಲಿನಷ್ಟು ಗಟ್ಟಿಯಾದ ಕೃತಕ ಕಾಲೊಂದು ಪಕ್ಕದಲ್ಲಿತ್ತು. ಎಷ್ಟೋ ಸಲ ನೋಡಿದ್ದೇ. ಇವತ್ತು ಅವಳು ಅದನ್ನೇ ನೋಡುತ್ತ ನಿಂತುಬಿಟ್ಟಳು.

"ಯಜಮಾನ್ರೇ, ಇದು ಅಲ್ಯೂಮಿನಿಯಂ ಮೇಲೆ ಹಿಡಿಯುತ್ತಾ?"

ಅವಳು ಹೇಳಿದ್ದನ್ನೆಲ್ಲ ಕೇಳಿ ಮುದುಕ ಮುಖ ಕಿವುಚಿದ. "ನಾನು ಕಾಲು ಮಾಡೋನು ತಾಯಿ, ಸೈಕಲ್ ಅಲ್ಲ. ಓಡುವಾಗ ಮುರಿದ್ರೆ ನಿಮ್ಮಿಬ್ಬರ ಗತಿಯೇನು?"

ಆಗ ಅವಳ ಕಟ್ಟೆ ಒಡೆಯಿತು. ಯಾರಿಗೂ ಹೇಳದಿದ್ದ ತಾರಸಿಯ ಸಂಗತಿಯನ್ನು ಹೇಳಿಬಿಟ್ಟಳು. ಮುದುಕ ಬ್ರಷ್ಷನ್ನು ಡಬ್ಬಿಯೊಳಗಿಟ್ಟ. "ತಗೊಂಡು ಬಾ. ಆದ್ರೆ ಅವನೂ ಬರ್ಬೇಕು. ಯಾರ ಭಾರ ಹೊರಬೇಕೋ ಅವರನ್ನ ನೋಡದೆ ನಾನು ಏನೂ ಮಾಡಲ್ಲ."

ಮನೆಯಲ್ಲಿ ಗಂಡ ಗೋಡೆಯಿಂದ ಮುಖ ತಿರುಗಿಸಲಿಲ್ಲ. ಬೇಡಿಕೊಂಡಳು, ಬೈದಳು, ಕೈಹಿಡಿದು ಎಳೆದಳು. ಕಲ್ಲು. ಕೊನೆಗೆ ಅವಳು ಚಪ್ಪಲಿಯನ್ನೂ ಬಿಡದೆ ಅವನ ಪಕ್ಕದ ನೆಲದ ಮೇಲೆ ಉರುಳಿದಳು. ಹೆದರಿಸಲೆಂದು ಮಲಗಿದವಳಿಗೆ ನಿಜವಾಗಿಯೂ ಏಳಲಾಗಲಿಲ್ಲ. ಹಾಲು ಉಕ್ಕಿ ಒಲೆಗೆ ಸುರಿಯುವ ಸದ್ದು ಕೇಳಿಸಿತು. ಸುರಿಯಲಿ ಎಂದುಕೊಂಡಳು.

"ಹಾಲು ಉಕ್ತಿದೆ," ಎಂದ ಗಂಡ. ಮುಖ ತಿರುಗಿಸಿ ಮಲಗಿದ ಮೇಲೆ ಅವನ ಬಾಯಿಂದ ಬಂದ ಮೊದಲ ಮಾತು.

ಅವಳು ಏಳಲಿಲ್ಲ.

"ಏನಾಯ್ತೇ? ಎದ್ದೇಳು."

"ಆಗಲ್ಲ ರೀ. ನನ್ನ ಕೈಲಿ ಇನ್ನು ಆಗಲ್ಲ."

ಅವನು ಎದ್ದು ಕೂತು ಗಾಳಿಯಲ್ಲಿ ಕೈಯಾಡಿಸಿದ. ಅವಳ ಹಣೆ ಸಿಕ್ಕಿತು, ಕಣ್ಣು ಸಿಕ್ಕಿತು, ಒದ್ದೆಯಾದ ಕಿವಿ ಸಿಕ್ಕಿತು. "ಅಮ್ಮಾ!" ಎಂದು ಕೂಗಿದ, ಹೆದರಿದ ಮಗುವಿನ ಹಾಗೆ. ಅತ್ತೆ ಹಿತ್ತಲಿನಿಂದ ಓಡಿ ಬಂದು, ನೀರು ಕುಡಿಸಿ, ಅವಳನ್ನು ಗೋಡೆಗೆ ಒರಗಿಸಿದರು. ಗಂಡ ಅವಳ ಕೈ ಬಿಡಲಿಲ್ಲ. "ಎಲ್ಲಿಗೆ ಬರ್ಬೇಕಂತೆ?" ಎಂದು ಕೇಳಿದ.

ಕಾರ್ಖಾನೆಯಲ್ಲಿ ಮುದುಕ ಅವನ ಹೆಗಲು, ಸೊಂಟ ಒತ್ತಿ ನೋಡಿ, "ಒಳ್ಳೇ ಭಾರ ಇದ್ದೀಯ. ಹೆಂಡ್ತಿ ಎಳೀತಾಳೋ, ನೀನೂ ತುಳೀತೀಯೋ?" ಎಂದ. ತೂತಿನ ಆಚೀಚೆ ಉಳಿದಿದ್ದ ಬಿರುಕಿನ ಎರಡೂ ತುದಿಗೆ ಸೂಜಿತೂತು ಕೊರೆದ, ಮುಂದಕ್ಕೆ ಓಡದಿರಲೆಂದು. ಸುಟ್ಟ ತೂತಿಗೆ ತಗಡಿನ ತೇಪೆ ಹಚ್ಚಿ, ಕೊಳವೆಯನ್ನು ಉಜ್ಜಿ ಒರಟಾಗಿಸಿ, ಸ್ಪಿರಿಟ್ಟಿನಿಂದ ತೊಳೆದ. ಮೊದಲು ಅಂಟು ಉಣಿಸಿದ ಗಾಜಿನೆಳೆಯ ಬಟ್ಟೆ, ಅದರ ಮೇಲೆ ಕಾರ್ಬನ್ ಎಳೆಯ ಕಪ್ಪು ಬಟ್ಟೆ. ಕೈಗವಸು ತೊಡಿಸಿ ಪಟ್ಟಿಯ ತುದಿಯನ್ನು ಗಂಡನ ಕೈಗೆ ಕೊಟ್ಟ. "ಎಳಿ. ಸಡಿಲ ಬಿಟ್ರೆ ಒಳಗೆ ಗಾಳಿ ನಿಲ್ಲುತ್ತೆ." ಗಂಡ ಹಲ್ಲು ಕಚ್ಚಿ ಎಳೆದ. ಮುದುಕ ಸುತ್ತಿದ, ಅವನು ಎಳೆದ. ಅಂಟು ಗಟ್ಟಿಯಾಗುತ್ತ ಬಿಸಿಯೇರತೊಡಗಿದಾಗ ಗಂಡ ಗವಸು ತೆಗೆದು, ಮುದುಕ ಮೇಲೆ ಬಿಗಿದಿದ್ದ ಪ್ಲಾಸ್ಟಿಕ್ ಹಾಳೆಯ ಮೇಲೆ ಅಂಗೈಯಿಟ್ಟ. "ಜ್ವರ ಬಂದ ಹಾಗಿದೆ," ಎಂದ.

"ಹೊಸದಾಯ್ತು ಅಂತ ನಾನು ಹೇಳಲ್ಲ," ಎಂದ ಮುದುಕ. "ಹಳ್ಳದಲ್ಲಿ ನೆಗೆಸ್ಬೇಡಿ. ದಿನಾ ಪಟ್ಟಿಯ ಅಂಚು ಮುಟ್ಟಿ ನೋಡಿ. ಬಿಟ್ಕೊಂಡು ಮೇಲೆದ್ದಿದ್ರೆ ಸೈಕಲ್ ಹತ್ಬೇಡಿ."

ಮುಟ್ಟಿ ನೋಡುವ ಕೆಲಸವನ್ನು ಗಂಡ ತಾನೇ ತೆಗೆದುಕೊಂಡ. ಈಗ ಕಾಲುವೆಯ ರಸ್ತೆಯಲ್ಲಿ ಅವರು ಮೊದಲಿಗಿಂತ ನಿಧಾನ. ಒಂದೊಂದು ಕುಲುಕಿಗೂ ಅವಳು ಬ್ರೇಕು ಹಿಡಿಯುತ್ತಾಳೆ. ಎಷ್ಟು ಕಾಲ ತಡೆಯುತ್ತದೋ ಅವಳಿಗೂ ಗೊತ್ತಿಲ್ಲ, ಮುದುಕನಿಗೂ ಗೊತ್ತಿಲ್ಲ. ಕೆಲವು ದಿನ ಅಂಚು ಸರಿಯಿದ್ದರೂ ಗಂಡ, "ಇವತ್ತು ಬೇಡ ಕಣೇ," ಎನ್ನುತ್ತಾನೆ. ಆದರೆ ಆಗ ಗೋಡೆಗೆ ಮುಖ ಮಾಡುವುದಿಲ್ಲ; ಯಾಕೆ ಬೇಡ ಎನ್ನುವುದನ್ನು, ತಡವರಿಸುತ್ತಲೇ, ಅವಳಿಗೆ ಹೇಳುತ್ತಾನೆ. ಅವಳು ಹೊಲಿಗೆ ಯಂತ್ರ ನಿಲ್ಲಿಸಿ ಕೇಳುತ್ತಾಳೆ.