ಕೈಗೆ ಸುತ್ತಿದ ಹಗ್ಗ

ನಮ್ಮ ಮಾವ ಚಿಕ್ಕಬೈರಪ್ಪನವರಿಗೆ ಎಪ್ಪತ್ತು ದಾಟಿದೆ. ಆದರೂ ಕೆಂಪಾಪುರದ ನಮ್ಮ ಮನೆಯಲ್ಲಿ ಒಂದು ಬಲ್ಬು ಬದಲಾಯಿಸಬೇಕಾದರೂ ಅವರ ಒಪ್ಪಿಗೆ ಬೇಕು. ಹೊಲವಿದ್ದ ಕಡೆಯೆಲ್ಲ ಈಗ ಬಾಡಿಗೆ ಮನೆಗಳಾಗಿವೆ. ಮುಂಚೆ ರಾಗಿ ಪೈರು ನೋಡಲು ಹೋಗುತ್ತಿದ್ದ ಹಾಗೆಯೇ ಈಗ ಬೆಳಿಗ್ಗೆ ಎದ್ದು ಬಾಡಿಗೆಯವರನ್ನು ನೋಡಲು ಒಂದು ಸುತ್ತು ಹೋಗಿ ಬರುತ್ತಾರೆ. ನನ್ನ ಗಂಡ ಅಶ್ವತ್ಥ್ ಅಪ್ಪನೆದುರು ದನಿ ಎತ್ತಿದ್ದನ್ನು ನಾನು ಮದುವೆಯಾದಾಗಿನಿಂದ ಕಂಡಿಲ್ಲ. ಹಾಗಾಗಿ ಮಗಳ ವಿಷಯ ಬಂದಾಗ ಜಗಳಕ್ಕೆ ನಿಲ್ಲಬೇಕಾದವಳು ನಾನೊಬ್ಬಳೇ.

ಮಗಳು ನಯನಾ ಈ ವರ್ಷ ಪಿಯುಸಿ ಮುಗಿಸಿದಳು. ಹೈಸ್ಕೂಲಿನಲ್ಲಿದ್ದಾಗ ಯಾವುದೋ ಬೇಸಿಗೆ ಶಿಬಿರಕ್ಕೆಂದು ಯಲಹಂಕದಾಚೆಯ ಒಂದು ಕೆರೆಗೆ ಹೋಗಿದ್ದವಳು ಹಾಯಿದೋಣಿಯ ಹುಚ್ಚು ಹಿಡಿಸಿಕೊಂಡು ಬಂದಳು. ಅಂದಿನಿಂದ ನಮ್ಮ ಮನೆಯ ಕಿಟಕಿ ಸರಳು, ಮಂಚದ ಕಾಲು, ಫ್ರಿಜ್ಜಿನ ಹಿಡಿಕೆ ಎಲ್ಲಕ್ಕೂ ಹಗ್ಗದ ಗಂಟು. ಹಾಯಿಯನ್ನು ಮೇಲಕ್ಕೇರಿಸುವ ಹಗ್ಗ ಒಂದು, ಮುಂದಿನ ಚಿಕ್ಕ ಹಾಯಿಗೆ ಇನ್ನೊಂದು, ದೊಡ್ಡ ಹಾಯಿಯನ್ನು ಎಳೆದು ಬಿಡುವುದಕ್ಕೆ ಮತ್ತೊಂದು. ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದರೆ ಪಕ್ಕದಲ್ಲಿ ನಿಂತು ಪಾಠ ಮಾಡುತ್ತಿದ್ದಳು. "ಈ ದೊಡ್ಡ ಹಗ್ಗ ಎಳುದ್ರೆ ಹಾಯಿ ಬಿಗಿಯಾಗುತ್ತೆ, ದೋಣಿ ಓಡುತ್ತೆ. ಗಾಳಿ ಜಾಸ್ತಿ ಆದ್ರೆ ಬಿಟ್ಬಿಡ್ಬೇಕು. ಬಿಡೋದೇ ಬ್ರೇಕು ಅಮ್ಮಾ." ಅರ್ಧ ಅರ್ಥವಾಗುತ್ತಿತ್ತು. ಅವಳ ಮುಖ ನೋಡುವುದಕ್ಕಾದರೂ ಪೂರ್ತಿ ಕೇಳುತ್ತಿದ್ದೆ.

ಈ ಬೇಸಿಗೆಯಲ್ಲಿ ಹೈದರಾಬಾದಿನ ತರಬೇತಿ ಕ್ಯಾಂಪಿಗೆ ಅವಳು ಆಯ್ಕೆಯಾದಳು. ಅಲ್ಲೇ ಇದ್ದು ಒಂದು ವರ್ಷ ಕಲಿಯಬೇಕು. ಮಾವ ಒಂದೇ ಮಾತಿನಲ್ಲಿ ತಳ್ಳಿಹಾಕಿದರು. "ನೀರ್ ಮೇಲೆ ಎಣ್ ಮಗಾನ ಬಿಟ್ಟು ನಾವಿಲ್ಲಿ ನಿದ್ದೆ ಮಾಡಕಾಯ್ತದಾ?" ನಾನು ಅತ್ತು ಕರೆದೆ, ಕೂಗಾಡಿದೆ, ಎರಡು ದಿನ ಒಲೆಯನ್ನೇ ಹಚ್ಚಲಿಲ್ಲ. ಅಶ್ವತ್ಥ್ ಹೋಟೆಲಿನಿಂದ ಇಡ್ಲಿ ಕಟ್ಟಿಸಿಕೊಂಡು ಬಂದು ಅಪ್ಪನಿಗೂ ನನಗೂ ಬೇರೆ ಬೇರೆ ಬಡಿಸಿ ತಟಸ್ಥ ನೀತಿ ಕಾಪಾಡಿಕೊಂಡರು. ಕೊನೆಗೆ ಮಾವ ಮೆತ್ತಗಾದರು. "ಆಯ್ತಮ್ಮ, ನಾನೂ ಒಂದ್ಸಲ ಕೂತ್ ನೋಡ್ತೀನಿ. ಅದೇನು ಅಂತಾ ದೊಡ್ ಇದ್ಯೆ ಅಂತ. ಆಮೇಲೆ ಏಳ್ತೀನಿ."

ಅಷ್ಟು ಸಾಕಾಗಿತ್ತು ನಮಗೆ. ಆ ಭಾನುವಾರ ಬೆಳಿಗ್ಗೆ ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ.

ಕೆರೆಯ ದಡದಲ್ಲಿ ಕೋಚ್ ಅತಾವುಲ್ಲಾ ಕಾಯುತ್ತಿದ್ದರು. ಆರ್.ಟಿ. ನಗರದವರು, ಸೈನ್ಯದಲ್ಲಿದ್ದು ನಿವೃತ್ತರಾದವರು. ಮಾವನಿಗೆ ಲೈಫ್ ಜಾಕೆಟ್ ತೊಡಿಸಿ ಬಕಲ್ ಬಿಗಿದರು. ಪಂಚೆಯನ್ನು ಎತ್ತಿ ಕಟ್ಟಿ, ಬಿಳಿ ಅಂಗಿಯ ಮೇಲೆ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡ ನಮ್ಮ ಮಾವ ಮದುವೆ ಗಂಡಿನ ಹಾಗೆ ಬೀಗುತ್ತಿದ್ದರು. ನಗು ತಡೆಯಲಾರದೆ ನಾನು ಫೋಟೋ ತೆಗೆಯುವ ನೆಪದಲ್ಲಿ ಮುಖ ತಿರುಗಿಸಿದೆ.

"ಅಜ್ಜನ ಕೈಗೆ ಮುಂದಿನ ಚಿಕ್ಕ ಹಗ್ಗ ಕೊಡು ಬೇಟಾ. ದೊಡ್ಡದು ನೀನೇ ಇಟ್ಕೋ," ಎಂದರು ಅತಾವುಲ್ಲಾ. ನಯನಾ ತಲೆಯಾಡಿಸಿದಳು. ಅಜ್ಜ ಮೊಮ್ಮಗಳು ದೋಣಿಯಲ್ಲಿ ಕೂತರು.

ದೋಣಿ ಇನ್ನೂ ದಡ ಬಿಟ್ಟಿರಲಿಲ್ಲ, ಆಗಲೇ ಮಾವ ಶುರು ಮಾಡಿದರು. "ದೊಡ್ಡಗ್ಗ ಯಾವ್ದು?"

"ಇದು ತಾತ. ನಂದು."

"ನಂಗೆ ಕೊಡು. ಚಿಕ್ದು ಇಡ್ಕೊಂಡು ಆಡಾಕೆ ನಾನೇನ್ ಮಗೂನಾ?"

ನಯನಾ ನನ್ನ ಕಡೆ ನೋಡಿದಳು. ಒಪ್ಪಿಗೆ ಕೊಡಬೇಕಾದ ಮನುಷ್ಯ ಹಗ್ಗ ಕೇಳುತ್ತಿದ್ದಾರೆ, ಏನು ಮಾಡಲಿ ಅನ್ನುವ ನೋಟ ಅದು. ನಾನೇನು ಹೇಳಬಲ್ಲೆ? ಅವಳೇ ನಿರ್ಧರಿಸಿ ಹಗ್ಗವನ್ನು ಅಜ್ಜನ ಕೈಗಿಟ್ಟಳು. "ಗಾಳಿ ಜೋರಾಗಿ ಬಂದ್ರೆ ಬಿಟ್ಬಿಡು ತಾತ. ಅಷ್ಟೇ. ಯೋಚ್ನೆ ಮಾಡ್ಬೇಡ, ಬಿಟ್ಬಿಡು."

"ಆಯ್ತು ನಡಿ," ಎಂದರು ಮಾವ.

ನೀರು ತಿಳಿಯಾಗಿತ್ತು. ದೋಣಿ ಮೆಲ್ಲಗೆ ಹೊರಟಿತು. ಹಾಯಿ ತುಂಬಿಕೊಂಡದ್ದೇ ಮಾವ ಜೋರಾಗಿ ನಕ್ಕದ್ದು ದಡಕ್ಕೂ ಕೇಳಿಸಿತು. ಗೆದ್ದೆವು ಅಂದುಕೊಂಡೆ. ಅಶ್ವತ್ಥ್ ನನ್ನ ಭುಜ ತಟ್ಟಿದರು. ಆಗ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ ನನಗೆ ಅದು ಕಂಡಿತು. ಹಗ್ಗ ಎಳೆಯುತ್ತಿದ್ದ ಹಾಗೇ ಮಾವ ಅದನ್ನು ಅಂಗೈಗೆ ಒಂದು ಸುತ್ತು, ಮತ್ತೊಂದು ಸುತ್ತು ಸುತ್ತಿಕೊಂಡರು.

ಎತ್ತು ಕಟ್ಟಿದ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೋರಿ ಕೊಸರಿದಾಗ ಹಗ್ಗ ಜಾರಬಾರದು ಅಂತ ಕೈಗೆ ಸುತ್ತಿಕೊಳ್ಳುತ್ತಾರೆ. ಹರೆಯದಲ್ಲಿ ಮಾವನ ಹೋರಿಯೊಂದು ಬಳ್ಳಾರಿ ರಸ್ತೆಯಲ್ಲಿ ಲಾರಿ ಹಾರನ್ನಿಗೆ ಬೆದರಿ ಓಡಿತ್ತಂತೆ, ಇವರು ಹೆಬ್ಬಾಳದವರೆಗೂ ಎಳೆಸಿಕೊಂಡು ಹೋದರಂತೆ, ಹಗ್ಗ ಬಿಡಲಿಲ್ಲವಂತೆ. ಮದುವೆ ಮನೆಗಳಲ್ಲಿ ಆ ಕತೆಯನ್ನು ಕೇಳಿ ಕೇಳಿ ನನಗೆ ಬಾಯಿಪಾಠವಾಗಿದೆ.

"ಮಾವಾ, ಕೈಗೆ ಸುತ್ಕೋಬೇಡಿ!" ಎಂದು ಕೂಗಿದೆ. ಗಾಳಿ ಅವರ ಕಡೆಯಿಂದ ನನ್ನ ಕಡೆಗೆ ಬೀಸುತ್ತಿತ್ತು. ನನ್ನ ದನಿ ನನ್ನ ಬಾಯಿಗೇ ವಾಪಸು ಬಂತು. ನಯನಾ ಹಿಂದೆ ಚುಕ್ಕಾಣಿ ಹಿಡಿದು ಮೇಲೆ ಹಾಯಿಯನ್ನೇ ನೋಡುತ್ತಿದ್ದಳು. ಅತಾವುಲ್ಲಾರಿಗೆ ತೋರಿಸಿದೆ. ಅವರು ಓಡಿ ಹೋಗಿ ಮೋಟಾರು ದೋಣಿಯ ದಾರ ಎಳೆದರು. ಅದು ಗೊರ್ ಅಂದು ನಿಂತುಹೋಯಿತು. ಮತ್ತೆ ಎಳೆದರು.

ಮಳೆಗಾಲಕ್ಕೆ ಮುಂಚಿನ ಗಾಳಿಗೆ ಹೊತ್ತುಗೊತ್ತು ಇರುವುದಿಲ್ಲ. ಆಚೆ ದಡದ ನೀಲಗಿರಿ ಮರಗಳು ಬಾಗಿದ್ದು ಮೊದಲು ಕಂಡಿತು. ಆಮೇಲೆ ನೀರಿನ ಮೇಲೆ ಕಪ್ಪಗೆ ಸುಕ್ಕು ಎದ್ದು ದೋಣಿಯ ಕಡೆ ಸರಿಯಿತು. ಬರುತ್ತಿದೆ ಅಂತ ಎಲ್ಲರಿಗೂ ಗೊತ್ತಾಯಿತು. ದಡದಲ್ಲಿದ್ದವರೆಲ್ಲ ಒಟ್ಟಿಗೆ "ಬಿಡಿ! ಬಿಡಿ!" ಎಂದು ಕಿರುಚಿದೆವು. ನಯನಾಳೂ ಕೂಗುತ್ತಿದ್ದಳು, ಅವಳ ಬಾಯಿ ತೆರೆದದ್ದು ನನಗೆ ಕಾಣುತ್ತಿತ್ತು. ಮಾವ ಹಲ್ಲು ಕಚ್ಚಿ, ಎರಡೂ ಕಾಲು ಒತ್ತಿ, ಹಗ್ಗವನ್ನು ಎದೆಗೆ ಎಳೆದುಕೊಂಡರು. ಹಾಯಿ ನೀರಿನ ಕಡೆಗೆ ವಾಲಿತು. ದೋಣಿ ಮಗುಚಿಕೊಂಡಿತು.

ನನಗೆ ಈಜು ಬರುವುದಿಲ್ಲ. ಮೊಣಕಾಲು ಮಟ್ಟದ ನೀರಿಗೆ ಇಳಿದು ಅಲ್ಲೇ ನಿಂತುಬಿಟ್ಟೆ. ಅಶ್ವತ್ಥ್ ನನ್ನ ಸೆರಗು ಹಿಡಿದುಕೊಂಡಿದ್ದರು. ಕಿತ್ತಳೆ ಜಾಕೆಟ್ ಒಂದೇ ಕಾಣುತ್ತಿತ್ತು, ನಯನಾಳದು. ಅವಳು ಮುಳುಗಿದಳು, ಎದ್ದಳು, ಮತ್ತೆ ಮುಳುಗಿದಳು. ನನ್ನ ಜೀವಮಾನದಲ್ಲಿ ಅಷ್ಟು ಕೈಲಾಗದವಳಾಗಿ ನಾನು ಎಲ್ಲಿಯೂ ನಿಂತಿಲ್ಲ. ಮಗಳೇ ಮೇಲೆ ಬಾ, ಮಾವನನ್ನು ಬಿಟ್ಟಾದರೂ ಬಾ ಅಂತ ಬೇಡಿಕೊಂಡೆ. ಹೌದು, ಹಾಗೇ ಬೇಡಿಕೊಂಡೆ.

ಮೋಟಾರು ಕೊನೆಗೂ ಹೊತ್ತಿತು. ಅತಾವುಲ್ಲಾ ಹೋಗಿ ಹಗ್ಗ ಕೊಯ್ದು ಇಬ್ಬರನ್ನೂ ತಂದರು. ಮಾವನ ತಲೆಯನ್ನು ನಯನಾ ನೀರಿನ ಮೇಲೆ ಎತ್ತಿ ಹಿಡಿದಿದ್ದಳು, ಅದಕ್ಕೇ ಉಸಿರು ಉಳಿದಿತ್ತು. ಆದರೆ ದೋಣಿ ಉರುಳಿದ ರಭಸಕ್ಕೆ ಹಗ್ಗ ಕೈಯನ್ನು ತಾನು ಹಾಯುವ ರಾಟೆಯೊಳಕ್ಕೆ ಎಳೆದುಕೊಂಡಿತ್ತು. ಬಲಗೈ ಜಜ್ಜಿಹೋಗಿತ್ತು. ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಉಳಿದವು ಇನ್ನು ಮಡಚುವುದಿಲ್ಲ ಅಂದರು.

"ಅಷ್ಟು ಕೂಗಿದ್ವಲ್ಲ ಮಾವ, ಕೇಳಿಸ್ಲಿಲ್ವಾ?" ಎಂದು ನಾನು ವಾರ್ಡಿನಲ್ಲೇ ಕೇಳಿದೆ. ಸಿಟ್ಟು ತಡೆಯಲಾಗಲಿಲ್ಲ.

"ಕೇಳುಸ್ತು ಕಣಮ್ಮಾ. ಬುಡಾನ ಅಂತ್ಲೇ ಇದ್ದೆ. ಕೈ ಬುಡ್ಲಿಲ್ಲ," ಎಂದು ಗೋಡೆಯ ಕಡೆ ತಿರುಗಿಕೊಂಡರು.

ಹೊರಗೆ ಬೆಂಚಿನ ಮೇಲೆ ನಯನಾ ಮೈಮೇಲೇ ಒಣಗಿದ ಬಟ್ಟೆಯಲ್ಲಿ ಕೂತಿದ್ದಳು. "ಹಗ್ಗ ಕೊಟ್ಟೋಳು ನಾನು. ಕೈ ಹೆಂಗೆ ಹಿಡ್ಕೊಂಡಿದಾರೆ ಅಂತ ನೋಡ್ಬೇಕಿತ್ತು. ಅದು ನನ್ ಕೆಲ್ಸ. ದೋಣಿ ನಂದು ಅಮ್ಮಾ."

"ಆ ಮನುಷ್ಯಂಗೆ ಯಾರು ಹೇಳಿದ್ರೂ ಕೇಳ್ತಿರ್ಲಿಲ್ಲ ಕಣೇ," ಎಂದೆ.

ಮಾವ ಮನೆಗೆ ಬಂದ ದಿನವೇ ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು. "ಅವಳು ಓಗ್ಲಿ. ಕಳ್ಸಿಕೊಡಿ." ಈ ಒಂದು ಮಾತಿಗಾಗಿ ನಾನು ಎಷ್ಟು ಒದ್ದಾಡಿದ್ದೆ! ಈಗ ಅದು ತಾನಾಗಿ ಬಂತು, ಅದನ್ನು ಇಸಿದುಕೊಳ್ಳುವವರೇ ಇಲ್ಲ. ನಯನಾ "ನಾನ್ ಹೋಗಲ್ಲ" ಅಂದಳು. ಬೈದೆ, ಪೂಸಿ ಹೊಡೆದೆ, ಅತಾವುಲ್ಲಾರಿಂದ ಫೋನ್ ಮಾಡಿಸಿದೆ. ಮಾವ ಅವಳ ಕೈ ಹಿಡಿದು ಬೇಡಿಕೊಂಡರು. ಅವರು ಒಬ್ಬರನ್ನು ಬೇಡಿದ್ದು ನಾನು ಕಂಡದ್ದು ಅದೇ ಮೊದಲು. ಎಲ್ಲದಕ್ಕೂ ಅವಳದು ಒಂದೇ ಉತ್ತರ.

ಕ್ಯಾಂಪಿಗೆ ಹೊರಡುವ ದಿನ ನಾನೇ ಅವಳ ಬಟ್ಟೆ ಮಡಚಿ ಬ್ಯಾಗು ತುಂಬಿದೆ. ಆಯ್ಕೆಯಾಗಿದ್ದ ಉಳಿದ ಮಕ್ಕಳು ಯಶವಂತಪುರದಲ್ಲಿ ರೈಲು ಹತ್ತುವವರಿದ್ದರು. "ಅವಳ ಸೀಟು ಹಾಗೇ ಇದೆ ಮೇಡಂ. ಯಲಹಂಕದಲ್ಲಿ ಹತ್ಸಿದ್ರೂ ಸಾಕು," ಎಂದು ಅತಾವುಲ್ಲಾ ಫೋನಿನಲ್ಲಿ ಹೇಳಿದರು. ಅಶ್ವತ್ಥ್ ಕಾರು ತೆಗೆದು ಗೇಟಿನ ಮುಂದೆ ನಿಲ್ಲಿಸಿದರು. ನಾನು ಬ್ಯಾಗು ಹಿಡಿದು ಹಜಾರಕ್ಕೆ ಬಂದೆ.

ಮಾವ ಚಾಪೆಯ ಮೇಲೆ ಕೂತಿದ್ದರು. ಎಡಗೈಯಲ್ಲಿ ಅನ್ನ ಮುಟ್ಟುವುದಿಲ್ಲ ಅಂತ ಹಟ, ಚಮಚವಂತೂ ಬೇಡವೇ ಬೇಡ. ಎದುರಿಗೆ ನಯನಾ ತಟ್ಟೆ ಇಟ್ಟುಕೊಂಡು ಕೂತಿದ್ದಳು. ಮುದ್ದೆ ಮುರಿದು ಸೊಪ್ಪಿನ ಸಾರಿನಲ್ಲಿ ಅದ್ದಿ ಅವರ ಬಾಯಿಯ ಹತ್ತಿರ ಹಿಡಿದಿದ್ದಳು.

"ರೈಲ್ ಓಯ್ತದೆ ಮಗಾ. ಎದ್ದೇಳು. ನಿನ್ ಕಾಲಿಗ್ ಬೀಳ್ತೀನಿ, ಓಗು," ಎಂದರು ಮಾವ.

"ಬಾಯಿ ತೆಗಿ ತಾತ," ಎಂದಳು ನಯನಾ.

ಮಾವ ನನ್ನ ಕಡೆ ನೋಡಿದರು. ಹೊರಗೆ ಅಶ್ವತ್ಥ್ ಹಾರನ್ ಹೊಡೆದರು. ನಾನು ಬ್ಯಾಗನ್ನು ಕೆಳಗಿಡಲೂ ಆಗದೆ ನಿಂತಿದ್ದೆ. ಮಾವ ಕಣ್ಣು ಮುಚ್ಚಿಕೊಂಡು ಬಾಯಿ ತೆರೆದರು.